‘ನೈಟ್ ಆಫ್ ದ ಲಿವಿಂಗ್ ಡೆಡ್’ ಕ್ರೈಟೀರಿಯನ್ ಬ್ಲೂ-ರೇ: ಕೆಲವು ವರ್ಷಗಳ ಬಳಕೆಯ ನಂತರ

ಜಾರ್ಜ್ ಎ. ರೊಮೆರೊ ನಿರ್ದೇಶಿಸಿದ ‘ನೈಟ್ ಆಫ್ ದ ಲಿವಿಂಗ್ ಡೆಡ್’, ಅಂದರೆ ಸತ್ತವರು ಎದ್ದುಬಂದು ಬದುಕಿರುವವರನ್ನು ತಿನ್ನುವ ಕತೆಯ ಕಪ್ಪುಬಿಳುಪು ಭಯಾನಕ ಚಿತ್ರವನ್ನು ಕೊಳ್ಳಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ, ಅದರ ಪ್ರತಿಗಳು ಲೆಕ್ಕವಿಲ್ಲದಷ್ಟಿರುವುದು. 1968ರಲ್ಲಿ ಚಿತ್ರ ತೆರೆಕಾಣುವ ಹೊತ್ತಿಗೆ ಹಂಚಿಕೆದಾರರಾದ ವಾಲ್ಟರ್ ರೀಡ್ ಸಂಸ್ಥೆಯವರು ಮೊದಲಿದ್ದ ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’ ಎಂಬ ಹೆಸರನ್ನು ಬದಲಾಯಿಸಿದರು. ಹಳೆಯ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸೂಚನೆ ಹೊಸ ಶೀರ್ಷಿಕೆಯನ್ನು ಕೂಡಿಸುವಾಗ ಬಿಟ್ಟುಹೋಯಿತು. ಆಗ ಅಮೆರಿಕದಲ್ಲಿ ಜಾರಿಯಲ್ಲಿದ್ದ ಕಾಯ್ದೆಯಂತೆ ಸೂಚನೆಯಿಲ್ಲದೆ ಹೊರಬಂದ ಕೃತಿಗೆ ರಕ್ಷಣೆ ಇರಲಿಲ್ಲವಾದ್ದರಿಂದ ಚಿತ್ರ ಸಾರ್ವಜನಿಕ ಸ್ವತ್ತಾಯಿತು, ಕೈಗೆ ಒಂದು ಪ್ರಿಂಟ್ ಸಿಕ್ಕವರೆಲ್ಲ ಅದನ್ನು ಟೇಪಿಗೂ ಡಿಸ್ಕಿಗೂ ಇಳಿಸಿ ಮಾರತೊಡಗಿದರು. ನಮ್ಮಲ್ಲಿ ಬಹುಪಾಲು ಜನ ಈ ಚಿತ್ರವನ್ನು ಮೊದಲು ಕಂಡದ್ದು ಅಂಥ ನಕಲಿನ ನಕಲಿನಲ್ಲಿ: ಮುಖಗಳು ಸುಣ್ಣ ಬಳಿದಷ್ಟು ಬಿಳಿ, ನೆರಳುಗಳು ಒಂದೇ ಕಪ್ಪು ಮುದ್ದೆ, ಮಾತು ಗೊರಗೊರ ಸದ್ದಿನ ಹಿಂದೆ. ಅಗ್ಗದ ಚಿತ್ರವೆಂದರೆ ಹೀಗೆಯೇ ಇರುತ್ತದೆಂದು ನಾವು ಒಪ್ಪಿಕೊಂಡೂ ಬಿಟ್ಟಿದ್ದೆವು. 2018ರ ಫೆಬ್ರುವರಿಯಲ್ಲಿ ಹೊರಬಂದ ಎರಡು ಡಿಸ್ಕ್‌ಗಳ ಬ್ಲೂ-ರೇಯನ್ನು (ಹೆಸರಾಂತ ಚಿತ್ರಗಳನ್ನು ಡಿಸ್ಕಿನಲ್ಲಿ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯದು) ಇಷ್ಟು ವರ್ಷ ಮತ್ತೆ ಮತ್ತೆ ಹಾಕಿ ನೋಡಿದ ಮೇಲೆ, ಆ ಮಸುಕಿಗೂ ಚಿತ್ರ ತೆಗೆದವರ ಬಡತನಕ್ಕೂ ಸಂಬಂಧವೇ ಇರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಈ ಡಿಸ್ಕಿನ ಆಧಾರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಹಳೆಯ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಫೌಂಡೇಶನ್ ಸೇರಿ ಮಾಡಿಸಿದ 4ಕೆ (ಸುಮಾರು ನಾಲ್ಕು ಸಾವಿರ ಪಿಕ್ಸೆಲ್ ಅಗಲದ) ಪುನರುಜ್ಜೀವನ. ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೇ ಮಾಡಿದ ಈ ಕೆಲಸ 2016ರಲ್ಲಿ ಆ ಮ್ಯೂಸಿಯಮ್ಮಿನಲ್ಲಿ ಮೊದಲ ಪ್ರದರ್ಶನ ಕಂಡಿತು. ರೊಮೆರೊ, ಜೊತೆ ಚಿತ್ರಕಥೆಗಾರ ಜಾನ್ ರೂಸೊ, ನಿರ್ಮಾಪಕ ರಸೆಲ್ ಸ್ಟ್ರೈನರ್ ಮತ್ತು ಧ್ವನಿಯ ಹೊಣೆ ಹೊತ್ತಿದ್ದ ಗ್ಯಾರಿ ಸ್ಟ್ರೈನರ್ ಇದರ ಮೇಲ್ವಿಚಾರಣೆ ನೋಡಿಕೊಂಡರು. ಡಿಸ್ಕ್ ಅಂಗಡಿಗೆ ಬರುವ ಏಳು ತಿಂಗಳ ಮೊದಲು, 2017ರ ಜುಲೈಯಲ್ಲಿ, ರೊಮೆರೊ ತೀರಿಕೊಂಡರು.

ಚಿತ್ರ ತಂಡದವರು ಸಿನಿಮಾಕ್ಕೆ ಹೊಸಬರಾಗಿದ್ದರೂ ಕ್ಯಾಮೆರಾಕ್ಕೆ ಹೊಸಬರಲ್ಲ. ಪಿಟ್ಸ್‌ಬರ್ಗ್‌ನ ಲೇಟೆಂಟ್ ಇಮೇಜ್ ಎಂಬ ತಮ್ಮ ಪುಟ್ಟ ಸಂಸ್ಥೆಯಲ್ಲಿ ವರ್ಷಗಟ್ಟಲೆ ಜಾಹೀರಾತು ಚಿತ್ರಗಳನ್ನು ತೆಗೆದು ಕೈ ಪಳಗಿದ್ದವರು ಅವರು. ಒಟ್ಟು ಖರ್ಚು ಸುಮಾರು 1,14,000 ಡಾಲರ್. ಹತ್ತಿರದ ಇವಾನ್ಸ್ ಸಿಟಿಯ ಸ್ಮಶಾನದಲ್ಲಿ ಮೊದಲ ದೃಶ್ಯವನ್ನೂ, ಕೆಡವಲು ನಿಗದಿಯಾಗಿದ್ದ ಒಂದು ಹೊಲಮನೆಯಲ್ಲಿ ಬಹುಪಾಲು ಉಳಿದುದನ್ನೂ, ನೆಲಮಾಳಿಗೆಯ ಭಾಗವನ್ನು ತಮ್ಮ ಕಚೇರಿಯ ಕಟ್ಟಡದ ನೆಲಮಾಳಿಗೆಯಲ್ಲೂ ಚಿತ್ರಿಸಿದರು. ಹೊಸ ಪ್ರತಿಯಲ್ಲಿ ಈ ಮನೆಯ ಒಳಗು ಮೊದಲ ಬಾರಿಗೆ ಒಂದು ಜಾಗವಾಗಿ ಕಾಣುತ್ತದೆ. ಸ್ಮಶಾನದಿಂದ ತಪ್ಪಿಸಿಕೊಂಡ ಬಾರ್ಬ್ರಾ ಎಂಬ ಯುವತಿ ಓಡಿಬಂದು ಒಳಹೊಕ್ಕಾಗ ಗೋಡೆಯ ಮೇಲಿನ ಪ್ರಾಣಿಗಳ ತಲೆಗಳು ಥಟ್ಟನೆ ಎದುರಾಗುವಲ್ಲಿ ಹಿಂದೆಲ್ಲ ಏನೋ ಒಂದು ಕರಿ ಆಕೃತಿಯಷ್ಟೇ ಸಿಗುತ್ತಿತ್ತು; ಈಗ ತುಪ್ಪಳದ ಎಳೆಯೂ ಗಾಜಿನ ಕಣ್ಣಿನ ಹೊಳಪೂ ಬೇರೆಬೇರೆಯಾಗಿ ಕಾಣುತ್ತವೆ. ಕಿಟಕಿಗೆ ಹೊಡೆದ ಹಲಗೆಗಳ ಸಂದಿನಿಂದ ಒಂದೇ ಕಡೆಯಿಂದ ಬೀಳುವ ಬೆಳಕು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಹರಡುವುದನ್ನು ನೋಡಿದರೆ, ದೀಪಗಳು ಕೆಲವೇ ಇದ್ದರೂ ಎಲ್ಲಿಡಬೇಕೆಂದು ಬಲ್ಲವರು ಇಟ್ಟಿದ್ದಾರೆಂಬುದು ತಿಳಿಯುತ್ತದೆ. ಟಿ.ವಿ.ಯಲ್ಲಿ ಸುದ್ದಿವಾಚಕನ ಕೆಳಗೆ ಮೂಡುವ ರಕ್ಷಣಾ ಕೇಂದ್ರಗಳ ಹೆಸರುಗಳನ್ನು ಓದಬಹುದು, ಮತ್ತು ಓದತೊಡಗಿದ ಮೇಲೆ ಪಾತ್ರಗಳು ಆ ಪಟ್ಟಿಯನ್ನು ಯಾಕಷ್ಟು ಆಸೆಯಿಂದ ನೋಡುತ್ತಿವೆ ಎಂಬುದು ತಾನಾಗಿ ಮನಸ್ಸಿಗೆ ತಾಗುತ್ತದೆ.

ಸ್ಪಷ್ಟತೆ ಬಂದರೆ ಅಗ್ಗದ ಗುಟ್ಟುಗಳೂ ಬಯಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಯಲಾಗುತ್ತವೆ. ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದರು, ಸತ್ತವರು ಕಿತ್ತು ತಿನ್ನುವ ಮಾಂಸ ನಿಜವಾದ ಮಾಂಸವೇ. ಮೇಣದ ಗಾಯಗಳ ಅಂಚು ಕೆಲವರ ಮುಖದಲ್ಲಿ ಎದ್ದು ಕಾಣುತ್ತದೆ, ಗುಂಪಿನ ಹಿಂಬದಿಯಲ್ಲಿ ನಿಂತವರಿಗಂತೂ ಬಣ್ಣ ಹಚ್ಚಲು ಪುರಸೊತ್ತೇ ಆಗಲಿಲ್ಲವೇನೋ ಎನಿಸುತ್ತದೆ. ಆದರೆ ಮರಕ್ಕಂಟಿದ ಹುಳವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವ ಹೆಣ್ಣು ಶವವನ್ನು ಗಮನಿಸಿ. ಅದು ಮರಿಲಿನ್ ಈಸ್ಟ್‌ಮನ್; ನೆಲಮಾಳಿಗೆಯಲ್ಲಿ ಗಂಡನೊಡನೆ ಕಚ್ಚಾಡುವ ಹೆಲೆನ್ ಕೂಪರ್ ಪಾತ್ರವೂ ಅವರದೇ, ಪ್ರಸಾಧನದ ಕೆಲಸದಲ್ಲೂ ಅವರ ಕೈಯಿತ್ತು. ಹಳೆಯ ಪ್ರತಿಗಳಲ್ಲಿ ಆ ಹುಳ ಕಾಣುತ್ತಲೇ ಇರಲಿಲ್ಲ. ಇಂಥ ಲಾಭದ ಮುಂದೆ ಮೇಣದ ಅಂಚು ಕಂಡರೆ ಏನು ನಷ್ಟ?

ಅತಿ ದೊಡ್ಡ ವ್ಯತ್ಯಾಸ ಕೊನೆಯ ಕೆಲವು ನಿಮಿಷಗಳಲ್ಲಿದೆ, ಮತ್ತು ಇದನ್ನು ಗ್ರಹಿಸಲು ನನಗೆ ಹಲವು ವೀಕ್ಷಣೆಗಳೇ ಬೇಕಾದವು. (ಚಿತ್ರ ನೋಡದವರು ಮುಂದಿನ ಪ್ಯಾರಾಕ್ಕೆ ಹೋಗುವುದು ಒಳಿತು.) ಬೆಳಗಾದ ಮೇಲೆ ನಾಯಕ ಬೆನ್‌ನನ್ನು ಗುಂಡಿಟ್ಟು ಕೊಂದ ನಂತರ ಚಲಿಸುವ ಚಿತ್ರ ನಿಂತು, ಪತ್ರಿಕೆಯಲ್ಲಿ ಅಚ್ಚಾದಂಥ ಒರಟು ಕಣಗಳ ಸ್ಥಿರಚಿತ್ರಗಳು ಒಂದರ ಹಿಂದೊಂದು ಬರುತ್ತವೆ: ಮಾಂಸದ ಕೊಕ್ಕೆಗಳು, ಬಂದೂಕು ಹಿಡಿದ ಗಂಡಸರು, ಚಿತೆ. ಚಿತ್ರದುದ್ದಕ್ಕೂ ಮನುಷ್ಯನಾಗಿ ಕಂಡವನು ಇಲ್ಲಿ ವರದಿಯ ಜೊತೆಗಿನ ಒಂದು ಫೋಟೊ ಆಗಿಬಿಡುತ್ತಾನೆ. ಇಡೀ ಚಿತ್ರವೇ ಒರಟಾಗಿ, ಕಣಕಣವಾಗಿ ಕಾಣುತ್ತಿದ್ದ ಪ್ರತಿಗಳಲ್ಲಿ ಈ ಬದಲಾವಣೆ ಬದಲಾವಣೆಯಾಗಿ ಕಾಣಲು ಸಾಧ್ಯವೇ ಇರಲಿಲ್ಲ. ಮೊದಲಿನ ತೊಂಬತ್ತು ನಿಮಿಷ ನಯವಾದಾಗಷ್ಟೇ ಕೊನೆಯ ಒರಟುತನಕ್ಕೆ ಬೆಲೆ ಬಂದಿತು. ಡುವೇನ್ ಜೋನ್ಸ್ ಎಂಬ ಕಪ್ಪುವರ್ಣೀಯ ನಟ ನಾಯಕನಾಗಿದ್ದ ಈ ಚಿತ್ರ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲೇ ತೆರೆಕಂಡಿತು ಎಂಬುದನ್ನು ನೆನೆದರೆ ಆ ಫೋಟೊಗಳ ಭಾರ ಇನ್ನೂ ಹೆಚ್ಚುತ್ತದೆ.

ಧ್ವನಿ ಒಂದೇ ಚಾನೆಲ್ಲಿನದು, ಅದನ್ನು ಐದಾರು ಸ್ಪೀಕರುಗಳಿಗೆ ಹಿಗ್ಗಿಸುವ ಗೋಜಿಗೆ ಹೋಗದಿರುವುದು ಸರಿಯಾದ ನಿರ್ಧಾರ. ಹಲಗೆಗೆ ಮೊಳೆ ಹೊಡೆಯುವ ಸದ್ದು ಮತ್ತು ಹೊರಗಿನ ಜೀರುಂಡೆಗಳ ಸದ್ದು ಈಗ ಒಂದನ್ನೊಂದು ನುಂಗುವುದಿಲ್ಲ. ನೆಲಮಾಳಿಗೆಯಲ್ಲಿ ಮಗಳು ತಾಯಿಯ ಮೇಲೆ ಎರಗುವ ದೃಶ್ಯದಲ್ಲಿ ಚೀತ್ಕಾರವನ್ನು ವಿದ್ಯುನ್ಮಾನ ಪ್ರತಿಧ್ವನಿಯಾಗಿ ಪದರಪದರವಾಗಿ ತಿರುಚಿದ್ದಾರೆ. ಹಳೆಯ ಪ್ರತಿಗಳಲ್ಲಿ ಇದು ಟೇಪು ಕೆಟ್ಟಂತೆ ಕೇಳುತ್ತಿತ್ತು. ಸಂಗೀತವನ್ನು ಇದಕ್ಕೆಂದೇ ಮಾಡಿಸಿದ್ದಲ್ಲ, ಕ್ಯಾಪಿಟಲ್ ಸಂಸ್ಥೆಯ ಸಿದ್ಧ ಸಂಗೀತ ಸಂಗ್ರಹದಿಂದ ಆಯ್ದದ್ದು. ಆ ಆಯ್ಕೆ ಎಷ್ಟು ಜಾಣತನದ್ದೆಂಬುದನ್ನು ಎರಡನೆಯ ಡಿಸ್ಕಿನ ಒಂದು ಕಿರುಚಿತ್ರ ಚೆನ್ನಾಗಿ ತೋರಿಸುತ್ತದೆ.

ಆ ಎರಡನೆಯ ಡಿಸ್ಕಿನಲ್ಲಿ ಸರಕು ಬಹಳವಿದೆ, ಎಲ್ಲವೂ ಸಮತೂಕದ್ದಲ್ಲ. ಗಿಲೆರ್ಮೊ ಡೆಲ್ ಟೊರೊ ಮುಂತಾದ ನಿರ್ದೇಶಕರು ಚಿತ್ರವನ್ನು ಹೊಗಳುವ ಭಾಗವನ್ನು ಒಮ್ಮೆ ನೋಡಿದರೆ ಸಾಕು. 16 ಎಂ.ಎಂ. ಡೈಲೀಸ್ (ಆಯಾ ದಿನ ಚಿತ್ರಿಸಿದ, ಸಂಕಲನವಾಗದ ತುಣುಕುಗಳು) ಮಾತ್ರ ಚಿತ್ರೀಕರಣ ಹೇಗೆ ನಡೆಯುತ್ತದೆಂದು ಕುತೂಹಲವಿರುವವರಿಗೆ ಹಬ್ಬ. ‘ನೈಟ್ ಆಫ್ ಅನೂಬಿಸ್’ ಎಂಬ ಹೆಸರಿನ, ಚಿತ್ರ ಅಂತಿಮ ರೂಪ ತಾಳುವ ಮುಂಚಿನ ವರ್ಕ್‌ಪ್ರಿಂಟ್ ಸಂಕಲನ ಸಂಶೋಧಕರಿಗೆ ಮುಖ್ಯವೇ ಹೊರತು, ಸಂಜೆ ಕುಳಿತು ನೋಡಲು ತಕ್ಕದ್ದಲ್ಲ. ಚಿತ್ರದ ಜೊತೆಗಿರುವ ಎರಡು ಕಮೆಂಟರಿಗಳು (ಚಿತ್ರ ಓಡುತ್ತಿರುವಾಗ ಅದನ್ನು ಮಾಡಿದವರು ಆಡುವ ಮಾತು) 1994ರಲ್ಲಿ ಧ್ವನಿಮುದ್ರಣವಾದವು. ನಾನು ತಿರುತಿರುಗಿ ಕೇಳುವುದು ರೊಮೆರೊ, ರೂಸೊ, ಹೆಲೆನಳ ಗಂಡನ ಪಾತ್ರ ಮಾಡಿದ ಕಾರ್ಲ್ ಹಾರ್ಡ್‌ಮನ್ ಮತ್ತು ಈಸ್ಟ್‌ಮನ್ ಮಾತನಾಡುವುದನ್ನು. ಇನ್ನೊಂದರಲ್ಲಿ ಜನ ಹೆಚ್ಚಾಗಿ, ಯಾರ ದನಿ ಯಾವುದೆಂದು ತಿಳಿಯುವುದರೊಳಗೆ ದೃಶ್ಯ ಮುಗಿದಿರುತ್ತದೆ. ಇವೆಲ್ಲಕ್ಕಿಂತ ನನಗೆ ಅಮೂಲ್ಯವೆನಿಸಿದ್ದು ಜೋನ್ಸ್ ಅವರ ಧ್ವನಿ ಸಂದರ್ಶನ. ಅವರು 1988ರಲ್ಲಿ ತೀರಿಕೊಂಡದ್ದರಿಂದ ಆ ಕಮೆಂಟರಿಗಳಲ್ಲಿ ಅವರಿಲ್ಲ, ಆ ಕೊರತೆಯನ್ನು ಈ ಸಂದರ್ಶನ ಒಂದಿಷ್ಟು ತುಂಬುತ್ತದೆ.

ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿಗಳೂ ಇವೆ. ಬ್ಲೂ-ರೇ ಡಿಸ್ಕ್‌ಗಳು ಅಮೆರಿಕ ಮುಂತಾದ ದೇಶಗಳ ಪ್ಲೇಯರುಗಳ ಗುಂಪಾದ ರೀಜನ್ ‘ಎ’ಗೆ ಸೀಮಿತ, ಬೇರೆ ರೀಜನ್ನಿನ ಪ್ಲೇಯರಿನಲ್ಲಿ ಅವು ಓಡುವುದಿಲ್ಲ, ಅಡಿಬರಹ ಇಂಗ್ಲಿಷಿನಲ್ಲಿ ಮಾತ್ರ ಇದೆ. ನಂತರ ಬಣ್ಣ ತುಂಬಿದ ಆವೃತ್ತಿಗಳಾಗಲೀ, ಮೂವತ್ತು ವರ್ಷ ತುಂಬಿದ ನೆಪದಲ್ಲಿ ಹೊಸ ದೃಶ್ಯಗಳನ್ನು ತುರುಕಿದ ಆವೃತ್ತಿಯಾಗಲೀ ಇದರಲ್ಲಿಲ್ಲ, ಅದಕ್ಕೆ ನನ್ನ ತಕರಾರೇನೂ ಇಲ್ಲ.

2022ರಲ್ಲಿ ಇದೇ ಪುನರುಜ್ಜೀವನವನ್ನು 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿನಲ್ಲೂ ತಂದರು. ದೊಡ್ಡ ತೆರೆಯಲ್ಲಿ ಫಿಲ್ಮಿನ ಕಣಗಳು ಅದರಲ್ಲಿ ಇನ್ನಷ್ಟು ಸಹಜವಾಗಿ ಕಾಣುತ್ತವೆ, ನೆರಳಿನೊಳಗಿನ ಹಂತಗಳೂ ತುಸು ಹೆಚ್ಚುತ್ತವೆ. ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ರೀಜನ್ ಕಟ್ಟುಪಾಡಿಲ್ಲ, ಆದರೆ ಹೆಚ್ಚುವರಿ ಸಾಮಗ್ರಿ ಇರುವುದು ಜೊತೆಗಿನ ಬ್ಲೂ-ರೇಗಳಲ್ಲಿ. ಹೊಸದಾಗಿ ಕೊಳ್ಳುವವರು, 4ಕೆ ಪ್ಲೇಯರ್ ಇದ್ದರೆ, ನೇರವಾಗಿ ಅದನ್ನೇ ಕೊಳ್ಳಬಹುದು. 2018ರ ಪೆಟ್ಟಿಗೆ ಈಗಾಗಲೇ ಇರುವವರು ಸಾಧಾರಣ ಗಾತ್ರದ ಟಿ.ವಿ.ಯಲ್ಲಿ ನೋಡುತ್ತಿದ್ದರೆ ಮತ್ತೊಮ್ಮೆ ಹಣ ಹಾಕುವ ಅಗತ್ಯ ನನಗೆ ಕಾಣುತ್ತಿಲ್ಲ.