ಹಪ್ಪಳ, ಉಪ್ಪಿನಕಾಯಿ ವ್ಯಾಪಾರಕ್ಕೆ ಉದ್ಯಮ್ ನೋಂದಣಿ: ನಾಲ್ಕು ವರ್ಷ ಬಳಸಿದ ಮೇಲೆ

ಉದ್ಯಮ್ ಅಂದರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. ಅದರ ಸರ್ಟಿಫಿಕೇಟ್ ಬಗ್ಗೆ ಕೇಳಿದರೆ ಸಿಗುವುದು ಎರಡೇ ಥರದ ಉತ್ತರ. ಒಂದು, "ಐದು ನಿಮಿಷದಲ್ಲಿ ಮಾಡಿಸಿ, ಲಕ್ಷಗಟ್ಟಲೆ ಸಬ್ಸಿಡಿ ಬರುತ್ತೆ". ಇನ್ನೊಂದು, "ಸುಮ್ನೆ ಒಂದು ಕಾಗದ, ಏನೂ ಸಿಗಲ್ಲ". ನಾನು ಇದನ್ನು 2021ರಲ್ಲಿ ಮಾಡಿಸಿದ್ದು. ಎರಡು ಮಾತಿನಲ್ಲೂ ಅರ್ಧರ್ಧ ಸುಳ್ಳಿದೆ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ನಮ್ಮದು ಸಾಗರದ ಕಡೆಯ ಹಳ್ಳಿ. ನಾನು, ನನ್ನ ಓರಗಿತ್ತಿ ಸೇರಿ ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸು, ಚಟ್ನಿಪುಡಿ ಮಾಡಿ ಮಾರುತ್ತೇವೆ. ಸೀಸನ್ ಬಂದಾಗ ಊರಿನ ನಾಲ್ಕೈದು ಹೆಂಗಸರು ಕೆಲಸಕ್ಕೆ ಬರುತ್ತಾರೆ. ವ್ಯವಹಾರ ನನ್ನ ಹೆಸರಿನಲ್ಲಿದೆ. ಕಂಪನಿ, ಪಾಲುದಾರಿಕೆ ಏನೂ ಇಲ್ಲ. ನನ್ನ ಪ್ಯಾನ್ ನಂಬರೇ ವ್ಯಾಪಾರದ ಪ್ಯಾನ್ ನಂಬರ್.

ಮೊದಲು ನೋಂದಣಿಯ ವಿಷಯ ಮುಗಿಸಿಬಿಡುತ್ತೇನೆ, ಅದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಉದ್ಯಮ್ ಶುರುವಾಗಿದ್ದು 2020ರ ಜುಲೈ 1ರಿಂದ. ಅದಕ್ಕೂ ಮುಂಚೆ ಉದ್ಯೋಗ್ ಆಧಾರ್ ಅಂತ ಇತ್ತು. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ನಂಬರ್ ಹಾಕಿ, ಅದಕ್ಕೆ ಜೋಡಿಸಿದ ಮೊಬೈಲ್‌ಗೆ ಬಂದ ಓಟಿಪಿ ಕೊಟ್ಟು, ಪ್ಯಾನ್, ವಿಳಾಸ, ಬ್ಯಾಂಕ್ ಖಾತೆ, ಕೆಲಸಗಾರರ ಸಂಖ್ಯೆ, ಯಂತ್ರಗಳ ಮೇಲೆ ಹಾಕಿದ ಹಣ, ವಹಿವಾಟು ತುಂಬಿದರೆ ಆಯಿತು. ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಶುಲ್ಕ ಸೊನ್ನೆ. ಸೊನ್ನೆ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಹಾಗೆ ಅಶೋಕ ಸ್ತಂಭದ ಬಣ್ಣ ಬಳಿದುಕೊಂಡ ಖಾಸಗಿ ವೆಬ್‌ಸೈಟುಗಳು ಎದುರಾಗುತ್ತವೆ. ಅವು ಸಾವಿರಾರು ರೂಪಾಯಿ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ಪೋರ್ಟಲ್‌ನ 'ಜಿಓವಿ ಡಾಟ್ ಇನ್' ಇದೆಯಾ ನೋಡಿಕೊಳ್ಳಿ.

ಫಾರಂನಲ್ಲಿ ಒಂದೇ ಒಂದು ಕಡೆ ಗಮನ ಬೇಕು. ನೀವು ಮಾಡುವ ಕೆಲಸ ತಯಾರಿಕೆಯೋ, ಸೇವೆಯೋ, ಬರೀ ಮಾರಾಟವೋ ಅಂತ ಆರಿಸುವಲ್ಲಿ. ನಮ್ಮೂರಿನವರೊಬ್ಬರು ಅವಲಕ್ಕಿ ಮಿಲ್ ನಡೆಸುತ್ತಾರೆ. ಸೈಬರ್ ಸೆಂಟರ್‌ನ ಹುಡುಗ ಅವರಿಗೆ 'ಟ್ರೇಡಿಂಗ್' ಅಂತ ಒತ್ತಿಬಿಟ್ಟಿದ್ದ. ಚಿಲ್ಲರೆ, ಸಗಟು ವ್ಯಾಪಾರಿಗಳನ್ನೂ 2021ರ ಜುಲೈಯಿಂದ ಉದ್ಯಮ್‌ಗೆ ಸೇರಿಸಿದ್ದಾರೆ, ನಿಜ. ಆದರೆ ಅವರಿಗೆ ಸಿಗುವುದು ಬ್ಯಾಂಕಿನ ಆದ್ಯತಾ ವಲಯದ ಸಾಲ (ಬ್ಯಾಂಕುಗಳು ತಮ್ಮ ಸಾಲದಲ್ಲಿ ಒಂದು ಪಾಲನ್ನು ಕಡ್ಡಾಯವಾಗಿ ಕೊಡಬೇಕಾದ ವಲಯ) ಮಾತ್ರ. ಬಾಕಿ ಹಣ ವಸೂಲಿಗೆ ಕಾನೂನು ಕೊಡುವ ರಕ್ಷಣೆ ಸಿಗಲ್ಲ. ನನ್ನ ಅನುಭವದಲ್ಲಿ ಇಡೀ ನೋಂದಣಿಯ ತಿರುಳೇ ಆ ರಕ್ಷಣೆ. ಹಪ್ಪಳ, ಉಪ್ಪಿನಕಾಯಿ, ಮಸಾಲೆಪುಡಿ ಎಲ್ಲಕ್ಕೂ ಬೇರೆ ಬೇರೆ ಐದಂಕಿಯ ಕೋಡ್ ಇವೆ. ಒಂದಕ್ಕಿಂತ ಹೆಚ್ಚು ಸೇರಿಸಬಹುದು, ಸೇರಿಸಿ.

ಸರ್ಟಿಫಿಕೇಟ್ ಬಂತು. ಕ್ಯೂಆರ್ ಕೋಡ್ ಇರುವ ಒಂದು ಹಾಳೆ. ಆಮೇಲೆ ಸುಮಾರು ಒಂದು ವರ್ಷ ಅದರಿಂದ ನನಗೆ ಸಿಕ್ಕಿದ್ದು ಫೋನ್ ಕಾಲ್‌ಗಳು ಮಾತ್ರ! ಸಾಲ ಬೇಕಾ ಮೇಡಂ, ಐಎಸ್‌ಒ ಸರ್ಟಿಫಿಕೇಟ್ ಬೇಕಾ ಮೇಡಂ, ನಿಮ್ಮ ಉದ್ಯಮ್ ಅವಧಿ ಮುಗೀತಾ ಇದೆ, ರಿನ್ಯೂ ಮಾಡಿಸಿ ಮೇಡಂ. ಉದ್ಯಮ್‌ಗೆ ರಿನ್ಯೂವಲ್ ಅಂತ ಇಲ್ಲವೇ ಇಲ್ಲ. ಮಾಹಿತಿ ಬದಲಾದರೆ ನಾವೇ ಪೋರ್ಟಲ್‌ನಲ್ಲಿ ತಿದ್ದಬೇಕು ಅಷ್ಟೆ, ಅದೂ ಉಚಿತ. ಈ ಕಾಲ್‌ಗಳ ಕಾಟಕ್ಕೆ ನಾನು ಒಂದು ಸ್ಟಾರ್ ಕಡಿಮೆ ಮಾಡುತ್ತೇನೆ.

ಮೊದಲ ಪ್ರಯೋಜನ ಸಿಕ್ಕಿದ್ದು ಬ್ಯಾಂಕಿನಲ್ಲಿ. ಅಲ್ಲಿಯವರೆಗೆ ಅಂಗಡಿಯವರ ಹಣವೆಲ್ಲ ನನ್ನ ಉಳಿತಾಯ ಖಾತೆಗೇ ಬರುತ್ತಿತ್ತು. ಮನೆಯ ಗ್ಯಾಸ್ ಸಬ್ಸಿಡಿ, ಅಡಿಕೆ ಮಂಡಿಯ ದುಡ್ಡು, ಹಪ್ಪಳದ ದುಡ್ಡು ಎಲ್ಲ ಒಂದೇ ಕಡೆ. ವ್ಯಾಪಾರದ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ಹೋದರೆ ಆ ಹೆಸರಿರುವ ಎರಡು ದಾಖಲೆ ಕೇಳುತ್ತಾರೆ. ಇದು ರಿಸರ್ವ್ ಬ್ಯಾಂಕಿನ ನಿಯಮ. ನಾನು ಕೊಟ್ಟಿದ್ದು ಉದ್ಯಮ್ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ. ಆಹಾರದ ಪದಾರ್ಥ ಮಾಡುವವರಿಗೆ ಎರಡನೆಯದು ಹೇಗೂ ಬೇಕೇ ಬೇಕು. ಉದ್ಯಮ್ ಇದ್ದರೆ ಸಾಕು, ಆಹಾರದ ಲೈಸೆನ್ಸ್ ಬೇಡ ಅಂದುಕೊಂಡವರು ತುಂಬಾ ಜನ ಇದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದ ಒಳಗೆ ವಹಿವಾಟು ಇರುವವರಿಗೆ ಬೇಸಿಕ್ ನೋಂದಣಿ, ವರ್ಷಕ್ಕೆ 100 ರೂಪಾಯಿ ಶುಲ್ಕ. ಐದು ವರ್ಷದ್ದು ಒಟ್ಟಿಗೆ ಕಟ್ಟಿದೆ. ಆ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಬಿದ್ದ ದಿನದಿಂದ ಶಿವಮೊಗ್ಗದ ಅಂಗಡಿಗಳಲ್ಲಿ ನಮ್ಮ ಮಾಲನ್ನು ಗಲ್ಲಾ ಪಕ್ಕದ ಡಬ್ಬದಿಂದ ಶೆಲ್ಫಿಗೆ ಏರಿಸಿದರು. ಇದು ಉದ್ಯಮ್‌ನ ಮಹಿಮೆ ಅಲ್ಲ, ಎಫ್‌ಎಸ್‌ಎಸ್‌ಎಐನದ್ದು. ಯಾವುದರಿಂದ ಏನು ಸಿಕ್ಕಿತು ಅಂತ ಬಿಡಿಸಿ ಹೇಳಬೇಕು, ಅಲ್ವಾ?

ಇನ್ನು ಸಾಲದ ಕತೆ. ಮಲೆನಾಡಿನಲ್ಲಿ ಹಪ್ಪಳದ ಸಮಸ್ಯೆ ಯಾರಿಗೂ ಹೇಳಿ ತಿಳಿಸಬೇಕಿಲ್ಲ. ಹಲಸಿನಕಾಯಿ ಬಲಿಯುವ ಹೊತ್ತಿಗೆ ಬಿಸಿಲು ಇರುತ್ತೆ, ನಾಲ್ಕು ಮೋಡ ಬಂದರೆ ಅವತ್ತಿನ ಹಿಟ್ಟು ಹಾಳು. ನಮಗೆ ಒಂದು ಡ್ರೈಯರ್, ಪುಡಿ ಮಾಡುವ ಒಂದು ಪಲ್ವರೈಸರ್, ಸೀಲಿಂಗ್ ಮಿಷನ್ ಬೇಕಿತ್ತು. ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇಂಥ ಸಣ್ಣ ಆಹಾರ ಘಟಕಗಳಿಗೇ 2020ರಲ್ಲಿ ಬಂದದ್ದು. ನಾವು ಅರ್ಜಿ ಹಾಕಿದಾಗ ಯೋಜನಾ ವೆಚ್ಚದ ಶೇ. 35ರಷ್ಟು ಸಬ್ಸಿಡಿ ಇತ್ತು, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ. 15 ಸೇರಿಸಿ ಶೇ. 50 ಮಾಡಿತ್ತು, ಗರಿಷ್ಠ 15 ಲಕ್ಷ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದದ್ದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಅರ್ಜಿ ತುಂಬಿಕೊಡಲು ಪ್ರತಿ ಜಿಲ್ಲೆಯಲ್ಲೂ ಸಂಪನ್ಮೂಲ ವ್ಯಕ್ತಿಗಳಿದ್ದರು. ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತಿತ್ತು, ನಾವು ಕೊಡಬೇಕಿರಲಿಲ್ಲ.

ಇಲ್ಲಿ ಉದ್ಯಮ್ ಏನು ಮಾಡಿತು? ಕೇಳಿದ ದಾಖಲೆಗಳ ಪಟ್ಟಿಯಲ್ಲಿ ಅದೂ ಒಂದು. ರೇಷನ್ ಕಾರ್ಡ್ ಇದ್ದ ಹಾಗೆ ಅದು: ಅದೇ ಅಕ್ಕಿಯಲ್ಲ, ಆದರೆ ಅದಿಲ್ಲದೆ ಸಾಲಿನಲ್ಲಿ ನಿಲ್ಲೋಕೂ ಆಗಲ್ಲ. ಮ್ಯಾನೇಜರ್ ಉದ್ಯಮ್ ಹಾಳೆಯನ್ನು ಅರ್ಧ ನಿಮಿಷವೂ ನೋಡಲಿಲ್ಲ. ಅವರು ಕೂತು ಓದಿದ್ದು ಎರಡು ವರ್ಷದ ಐಟಿ ರಿಟರ್ನ್ ಮತ್ತು ಕರೆಂಟ್ ಅಕೌಂಟಿನ ಸ್ಟೇಟ್‌ಮೆಂಟ್. ಹಾಗಾಗಿ ಸಾಲ ಬೇಕು ಅನ್ನುವವರು ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಹಾಕುತ್ತಾ ಬನ್ನಿ. ನಮ್ಮಂಥವರಿಗೆ ಐಟಿಆರ್-4 ಇದೆ. ವಹಿವಾಟಿನ ಶೇ. 8, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6 ಲಾಭ ಅಂತ ತೋರಿಸಿದರೆ ದೊಡ್ಡ ಲೆಕ್ಕಪುಸ್ತಕ ಬೇಡ.

ಒಂದು ವಿಷಯದಲ್ಲಿ ಮಾತ್ರ ಆ ಹಾಳೆ ನೇರವಾಗಿ ಕೆಲಸಕ್ಕೆ ಬಂತು. ಬ್ಯಾಂಕಿನಲ್ಲಿ ಮೊದಲು ಜಮೀನಿನ ಪಹಣಿ ತನ್ನಿ ಅಂದರು. ಜಮೀನು ಮಾವನವರ ಹೆಸರಿನಲ್ಲಿದೆ, ಅದನ್ನು ಅಡವಿಡುವ ಮಾತೇ ಇಲ್ಲ. ಕಿರು ಮತ್ತು ಸಣ್ಣ ಉದ್ಯಮಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಆಗಲೇ ಇತ್ತು. ನಾನು ಕಿರು ಉದ್ಯಮ ಅಂತ ತೋರಿಸಲು ಉದ್ಯಮ್ ಇತ್ತು. ಸಿಜಿಟಿಎಂಎಸ್‌ಇ ಗ್ಯಾರಂಟಿ (ಸಾಲ ತೀರದಿದ್ದರೆ ಬ್ಯಾಂಕಿಗೆ ಸರ್ಕಾರದ ನಿಧಿ ಕೊಡುವ ಖಾತರಿ) ಹಾಕಿ ಸಾಲ ಕೊಟ್ಟರು. ಸಬ್ಸಿಡಿ ಕೈಗೆ ಬರಲ್ಲ ಅನ್ನೋದು ನೆನಪಿರಲಿ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಕೂತಿರುತ್ತೆ. ಕಂತು ಸರಿಯಾಗಿ ಕಟ್ಟಿದ್ದರೆ ಸಾಲಕ್ಕೆ ವಜಾ ಆಗುತ್ತೆ. "ಸಬ್ಸಿಡಿ ಬಂತಂತೆ, ಪಾರ್ಟಿ ಯಾವಾಗ" ಅಂತ ಕೇಳುವ ನೆಂಟರಿಗೆ ಇದನ್ನು ವಿವರಿಸುವುದು ಡ್ರೈಯರ್ ನಡೆಸುವುದಕ್ಕಿಂತ ಕಷ್ಟ.

ಈಗ ಬಾಕಿ ವಸೂಲಿ. ಬೆಂಗಳೂರಿನಲ್ಲಿ ಮೂರ್ನಾಲ್ಕು ಅಂಗಡಿ ಇರುವ ಒಬ್ಬ ವ್ಯಾಪಾರಿಗೆ ನಾವು ಉಪ್ಪಿನಕಾಯಿ ಕೊಡುತ್ತಿದ್ದೆವು. ಮಾಲು ಹೋಗುತ್ತಿತ್ತು, ಹಣ ಬರುತ್ತಿರಲಿಲ್ಲ. ಫೋನ್ ಮಾಡಿದರೆ "ಮುಂದಿನ ವಾರ ಅಕ್ಕಾ". ಮಿಡಿ ಕೊಯ್ದು ತಂದುಕೊಡುವವರಿಗೆ ನಾವು ಅವತ್ತೇ ನಗದು ಕೊಡಬೇಕು. ಅವರಿಗೆ ಮುಂದಿನ ವಾರ ಅಂತ ಹೇಳೋಕೆ ಆಗುತ್ತಾ?

ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಇದಕ್ಕೆ ನೇರ ಉತ್ತರ ಇದೆ. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆಗ ಬ್ಯಾಂಕ್ ದರ ಶೇ. 6.75 ಇತ್ತು, ಅಂದರೆ ಬಡ್ಡಿ ಶೇ. 20.25. ಕೊಡದಿದ್ದರೆ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಅದು ಇಂಥ ಬಾಕಿ ಜಗಳ ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಹೋಗುತ್ತದೆ. ನಮ್ಮ ಆಡಿಟರ್ ಒಂದು ಪುಟದ ಪತ್ರ ಬರೆದುಕೊಟ್ಟರು. ಉದ್ಯಮ್ ನಂಬರ್, ಬಿಲ್‌ಗಳ ಪಟ್ಟಿ, ಬಡ್ಡಿಯ ಲೆಕ್ಕ, ಕಾಯ್ದೆಯ 15 ಮತ್ತು 16ನೇ ಕಲಂ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆವು. ಅಸಲು ಪೂರ್ತಿ ಬಂತು. ಬಡ್ಡಿ ಬರಲಿಲ್ಲ, ನಾನೂ ಕೆದಕಲಿಲ್ಲ. ಆ ವ್ಯಾಪಾರಿ ಮತ್ತೆ ಆರ್ಡರ್ ಕೊಡಲಿಲ್ಲ ಅನ್ನೋದನ್ನೂ ಹೇಳಲೇಬೇಕು. ಕಾನೂನು ಹಣ ತಂದುಕೊಡುತ್ತೆ, ಗಿರಾಕಿಯನ್ನು ಉಳಿಸಿಕೊಡಲ್ಲ.

ಈಗ ಎಲ್ಲ ಬಿಲ್ ಮೇಲೂ ಉದ್ಯಮ್ ನಂಬರ್ ಅಚ್ಚು ಹಾಕಿಸಿದ್ದೇವೆ. 2024ರ ಮಾರ್ಚ್‌ನಲ್ಲಿ ಒಂದು ತಮಾಷೆ ನಡೆಯಿತು. ಆದಾಯ ತೆರಿಗೆ ಕಾಯ್ದೆಗೆ ಹೊಸದಾಗಿ 43ಬಿ(ಎಚ್) ಅನ್ನೋ ಕಲಂ ಬಂದಿತ್ತು. ಕಿರು, ಸಣ್ಣ ತಯಾರಕರಿಗೆ ಆ 15 ಅಥವಾ 45 ದಿನದೊಳಗೆ ಕೊಡದೆ ಬಾಕಿ ಉಳಿಸಿಕೊಂಡರೆ, ಕೊಂಡವರು ಆ ಹಣವನ್ನು ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ವರ್ಷವಿಡೀ ಫೋನ್ ಎತ್ತದ ಅಂಗಡಿಯ ಅಕೌಂಟೆಂಟ್‌ಗಳು ತಾವಾಗಿಯೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ ಕೇಳಿದರು, ಹಣವನ್ನೂ ಹಾಕಿದರು. ಒಬ್ಬರಂತೂ "ನೋಂದಣಿ ಕ್ಯಾನ್ಸಲ್ ಮಾಡಿಸಿಬಿಡಿ, ಆರ್ಡರ್ ಜಾಸ್ತಿ ಕೊಡ್ತೀವಿ" ಅಂದರು. ಅಂಥ ಮಾತಿಗೆ ಒಪ್ಪಬೇಡಿ. ಸಾಲಕ್ಕೆ ಮಾಲು ತಗೊಳ್ಳುವ ಅನುಕೂಲ ಅವರಿಗೆ, ಕೈ ಖಾಲಿ ನಮಗೆ.

ನೋಂದಣಿಗಿಂತ ಹಿಂದಿನ ವ್ಯವಹಾರಕ್ಕೆ ಈ ರಕ್ಷಣೆ ಸಿಗಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಒಂದು ತೀರ್ಪಿನಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಅದನ್ನು ಒಪ್ಪದೆ ದೊಡ್ಡ ಪೀಠಕ್ಕೆ ಕಳಿಸಿತು. ದೊಡ್ಡವರ ವಾದ ಅವರಿಗಿರಲಿ. ಬಾಕಿ ಬೀಳುವ ಮೊದಲೇ ನೋಂದಣಿ ಇದ್ದರೆ ನಮಗೆ ತಲೆನೋವಿಲ್ಲ.

ನನಗೆ ಉಪಯೋಗಕ್ಕೆ ಬಾರದ ಲಾಭಗಳೂ ಇವೆ. ಸರ್ಕಾರಿ ಟೆಂಡರ್‌ನಲ್ಲಿ ಠೇವಣಿ ವಿನಾಯಿತಿ ಇದೆ. ಕೇಂದ್ರದ ಇಲಾಖೆಗಳು ಶೇ. 25ರಷ್ಟನ್ನು ಕಿರು, ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು, ಅದರಲ್ಲಿ ಶೇ. 3 ಮಹಿಳೆಯರಿಂದ. ಕೇಳೋಕೆ ಚೆನ್ನಾಗಿದೆ. ಕುರ್ಚಿ, ಯೂನಿಫಾರ್ಮ್ ಮಾಡುವವರಿಗೆ ಆಗಬಹುದು, ಹಲಸಿನ ಹಪ್ಪಳಕ್ಕೆ ಟೆಂಡರ್ ಕರೆದಿದ್ದು ನಾನು ನೋಡಿಲ್ಲ. ಟ್ರೇಡ್‌ಮಾರ್ಕ್ ಶುಲ್ಕ 9,000ದ ಬದಲು 4,500 ಅಂತ ಏಜೆಂಟರು ಹೇಳುತ್ತಾರೆ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಉದ್ಯಮ್ ಇಲ್ಲದಿದ್ದರೂ ಅದೇ 4,500. ವ್ಯಕ್ತಿಯ ಹೆಸರಿನಲ್ಲಿ ಅರ್ಜಿ ಹಾಕಿದರೆ ದರವೇ ಅಷ್ಟು. ಅಂದಹಾಗೆ ಉದ್ಯಮ್‌ನಲ್ಲಿ ಹೆಸರು ನೋಂದಾಯಿಸಿದರೆ ಆ ಹೆಸರು ನಿಮ್ಮದಾಗಲ್ಲ. ಬೇರೆ ಯಾರೂ ಅದೇ ಹೆಸರಲ್ಲಿ ಉಪ್ಪಿನಕಾಯಿ ಮಾರಬಾರದು ಅಂದರೆ ಟ್ರೇಡ್‌ಮಾರ್ಕೇ ಬೇಕು.

ಜನರಿಗೆ ಇರುವ ದೊಡ್ಡ ಹೆದರಿಕೆ ತೆರಿಗೆಯದ್ದು. "ನೋಂದಣಿ ಮಾಡಿಸಿದರೆ ಸರ್ಕಾರದ ಕಣ್ಣಿಗೆ ಬೀಳ್ತೀವಿ." 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಅದು ಹೋಗಿದ್ದು ಜಿಎಸ್‌ಟಿ ನೋಂದಣಿ ಇಲ್ಲದವರಿಗೇ. ಬೇಕರಿ, ಟೀ ಅಂಗಡಿ, ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ಹೋಯಿತು. ಬಂದ್ ಮಾಡ್ತೀವಿ ಅಂದ ಮೇಲೆ ಹಳೆಯ ಬಾಕಿ ಕೇಳಲ್ಲ ಅಂತ ಮುಖ್ಯಮಂತ್ರಿ ಹೇಳಿದರು. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ ದಿನವೇ ನಾವು ಕಣ್ಣಿಗೆ ಬಿದ್ದಾಗಿದೆ. ಉದ್ಯಮ್ ತೆರಿಗೆಯ ನೋಂದಣಿ ಅಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ಬರುವುದು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆಗೆ 20 ಲಕ್ಷ. ಹಪ್ಪಳಕ್ಕೆ ತೆರಿಗೆ ಇಲ್ಲ. ಉಪ್ಪಿನಕಾಯಿಗೆ ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ಆದರೆ ಉಪ್ಪಿನಕಾಯಿಯನ್ನು ಹೊರರಾಜ್ಯಕ್ಕೆ ಮಾರಬೇಕು ಅಂದರೆ 40 ಲಕ್ಷದ ಮಾತೇ ಇಲ್ಲ, ಮೊದಲ ಬಾಟಲಿಯಿಂದಲೇ ಜಿಎಸ್‌ಟಿ ಬೇಕು. ಪುಣೆ, ಮುಂಬೈಯಿಂದ ಆರ್ಡರ್ ಬರಲು ಶುರುವಾದ ಮೇಲೆ ನಾವು ಅದನ್ನೂ ತೆಗೆದುಕೊಂಡೆವು. ಕರ್ನಾಟಕದ ಒಳಗಷ್ಟೇ ಆನ್‌ಲೈನ್‌ನಲ್ಲಿ ಮಾರುವ ಚಿಕ್ಕವರಿಗೆ 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಬೇಡ, ಜಿಎಸ್‌ಟಿ ಪೋರ್ಟಲ್ ಕೊಡುವ ಬರೀ ಎನ್‌ರೋಲ್‌ಮೆಂಟ್ ನಂಬರ್ ಸಾಕು.

ಪ್ಯಾನ್ ಕೂಡ ಇಲ್ಲದವರು? ನಮ್ಮಲ್ಲಿಗೆ ಕೆಲಸಕ್ಕೆ ಬರುವ ಒಬ್ಬಾಕೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅಂಥವರಿಗೆ 2023ರ ಜನವರಿಯಿಂದ ಉದ್ಯಮ್ ಅಸಿಸ್ಟ್ ಅಂತ ಇದೆ. ಬ್ಯಾಂಕ್ ಅಥವಾ ಮೈಕ್ರೋಫೈನಾನ್ಸ್ ಸಂಸ್ಥೆಯ ಮೂಲಕ ಮಾಡಿಸಬೇಕು. ಆದ್ಯತಾ ವಲಯದ ಸಾಲಕ್ಕೆ ಅದೂ ಉದ್ಯಮ್‌ನಷ್ಟೇ ಚಲಾವಣೆ. ಅವಳು ಅದರಿಂದಲೇ ಮುದ್ರಾ ಶಿಶು ಸಾಲ ತೆಗೆದು ಮೋಟಾರ್ ಮಿಷನ್ ತಗೊಂಡಳು. ಶಿಶುವಿನಲ್ಲಿ ಸಿಗುವುದು 50 ಸಾವಿರದವರೆಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಸ್ಟಾರ್ ಹೋಗಿದ್ದು ಯಾಕೆ ಅಂತ ಮೇಲೆ ಹೇಳಿದ್ದೇನೆ. ಪ್ರೈವೇಟ್ ಲಿಮಿಟೆಡ್ ಮಾಡಿಸಿ, ಇನ್ನೂ ಗತ್ತು ಇರುತ್ತೆ ಅಂತ ಈಚೆಗೆ ಒಬ್ಬರು ಸಲಹೆ ಕೊಟ್ಟರು. ಅದಕ್ಕೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ಪ್ರತಿ ವರ್ಷ ಆಡಿಟ್ ಕಡ್ಡಾಯ. ಆ ಫೀಸ್ ಕೊಡುವ ಬದಲು ಈ ಸಲ ಇನ್ನೊಂದಿಷ್ಟು ಮಿಡಿ ಕೊಳ್ಳೋಣ ಅಂದಳು ನನ್ನ ಓರಗಿತ್ತಿ. ಸದ್ಯಕ್ಕೆ ಹಾಗೇ ಮಾಡುತ್ತಿದ್ದೇವೆ.