ಕೋಚಿಂಗ್‌ನವರು ಕೊಟ್ಟ ಜಾವಾ ಗೈಡ್ ನೋಡಿ ಕೋಡ್ ಬರೆಯುವ ಮುನ್ನ ಇದನ್ನು ಓದಿ

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸಿಗೆ ಸೇರಿ, ಫೀಸಿನ ಜೊತೆಗೆ ಕಡ್ಡಾಯವಾಗಿ ಒಂದು ದಪ್ಪ ಗೈಡ್ ಕೊಂಡಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥವರನ್ನು ಟೀಮಿಗೆ ಸೇರಿಸಿಕೊಳ್ಳುವ ನನ್ನಂಥ ಹಳಬರೂ ಓದಲಿ. ಅಂಥದೊಂದು ಪುಸ್ತಕದಿಂದ ನಮ್ಮ ಆಫೀಸಿನಲ್ಲಿ ಆದ ತೊಂದರೆ ಸಣ್ಣದಲ್ಲ. ಸಂಸ್ಥೆಯ ಹೆಸರನ್ನೂ ಪುಸ್ತಕದ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ಒಂದೇ ಪುಸ್ತಕದ ಸಮಸ್ಯೆಯಾಗಿದ್ದರೆ ಹೆಸರು ಹೇಳಿ ಮುಗಿಸಬಹುದಿತ್ತು. ಅದೇ ಪಾಠ, ಅದೇ ತಪ್ಪು ಉದಾಹರಣೆಗಳು ಬೇರೆ ಬೇರೆ ರಕ್ಷಾಪುಟ ಹೊದ್ದು ಓಡಾಡುತ್ತಿರುವುದನ್ನು ಕಣ್ಣಾರೆ ನೋಡಿದ ಮೇಲೆ, ಗುರುತು ಹಿಡಿಯುವ ಬಗೆ ಹೇಳುವುದೇ ಹೆಚ್ಚು ಉಪಯೋಗ ಅನ್ನಿಸಿತು.

ನಮ್ಮದು ಬೇರೆ ಕಂಪನಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸಿಕೊಡುವ ಬೆಂಗಳೂರಿನ ಸಣ್ಣ ಕಂಪನಿ. 2024ರ ಡಿಸೆಂಬರ್ 30, ಸೋಮವಾರ ಬೆಳಿಗ್ಗೆ ಪೀಣ್ಯದ ಗ್ರಾಹಕರೊಬ್ಬರ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು. “ಏನ್ರೀ ಇದು, ಬಿಲ್ ಮೇಲೆ 30-12-2025 ಅಂತ ಬಂದಿದೆ? ಮುಂದಿನ ಹಣಕಾಸು ವರ್ಷದ್ದನ್ನ ಈಗಲೇ ಹೇಗ್ರೀ ಎಂಟ್ರಿ ಹಾಕೋದು?” ಅವರು ಕೇಳಿದ್ದು ಸರಿಯೇ. 2024ರ ಡಿಸೆಂಬರ್ 2024-25ನೇ ಸಾಲಿಗೆ ಸೇರುತ್ತದೆ, 2025ರ ಡಿಸೆಂಬರ್ 2025-26ಕ್ಕೆ. ಆ ಫೋನ್ ಇಡುವಷ್ಟರಲ್ಲಿ ಇನ್ನೊಂದು ಬಂತು. ಬೆಳಿಗ್ಗೆಯಿಂದ ಹೊರಟ ಬಿಲ್ಲುಗಳಲ್ಲಿ ದಿನ ಸರಿ, ತಿಂಗಳು ಸರಿ, ವರ್ಷ ಮಾತ್ರ ಒಂದು ಮುಂದೆ. ಹಿಂದಿನ ಶುಕ್ರವಾರದ ಬಿಲ್ ತೆಗೆದು ನೋಡಿದರೆ ಎಲ್ಲವೂ ಸರಿಯಾಗಿದೆ. ನಡುವೆ ಯಾರೂ ಕೋಡ್ ಮುಟ್ಟಿಲ್ಲ, ಸರ್ವರ್ ಗಡಿಯಾರವೂ ಸರಿಯಾಗಿದೆ.

ಕಾರಣ ಸಿಕ್ಕಿದ್ದು ಒಂದೇ ಸಾಲಿನಲ್ಲಿ. ದಿನಾಂಕವನ್ನು ಯಾವ ರೂಪದಲ್ಲಿ ಅಚ್ಚು ಹಾಕಬೇಕು ಎಂದು ಹೇಳುವ ಕಡೆ, ವರ್ಷಕ್ಕೆ ನಾಲ್ಕು ಸ್ಮಾಲ್ ವೈ ಇರಬೇಕಾದಲ್ಲಿ ನಾಲ್ಕು ಕ್ಯಾಪಿಟಲ್ ವೈ ಬರೆದಿತ್ತು. ಜಾವಾದಲ್ಲಿ ಸ್ಮಾಲ್ ವೈ ಎಂದರೆ ನಾವು ನೀವು ಬಳಸುವ ಕ್ಯಾಲೆಂಡರ್ ವರ್ಷ. ಕ್ಯಾಪಿಟಲ್ ವೈ ಎಂದರೆ ಆ ದಿನ ಇರುವ ವಾರ ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೋ ಆ ವರ್ಷ. 2025ರ ಜನವರಿ 1 ಬುಧವಾರ. ಭಾನುವಾರದಿಂದ ವಾರ ಶುರು ಎಂದು ಎಣಿಸುವ ಸೆಟ್ಟಿಂಗ್‌ನಲ್ಲಿ, ಡಿಸೆಂಬರ್ 29ರಿಂದ ಜನವರಿ 4ರವರೆಗಿನ ಇಡೀ ವಾರ 2025ರ ಮೊದಲ ವಾರ. ಹಾಗಾಗಿ ಡಿಸೆಂಬರ್ 30ಕ್ಕೆ ವರ್ಷ ಕೇಳಿದರೆ ಜಾವಾ ನಿಷ್ಠೆಯಿಂದ 2025 ಎಂದು ಉತ್ತರ ಕೊಡುತ್ತದೆ. ಜನವರಿಯಿಂದ ಡಿಸೆಂಬರ್ ಮೂರನೇ ವಾರದವರೆಗೂ ಈ ಎರಡು ವರ್ಷಗಳಿಗೆ ಹೆಚ್ಚುಕಡಿಮೆ ವ್ಯತ್ಯಾಸವೇ ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ ಬರೆದ ಕೋಡ್ ಅಕ್ಟೋಬರ್‌ನ ಟೆಸ್ಟ್‌ಗಳಲ್ಲಿ ಪಾಸಾಗಿತ್ತು, ರಿವ್ಯೂ ಮಾಡಿದವರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಸಾಲು ಬರೆದವಳು ಹಾಸನದ ಕಡೆಯಿಂದ ಬಂದು ಮೊದಲ ಕೆಲಸಕ್ಕೆ ಸೇರಿದ್ದ ಹುಡುಗಿ. ಶ್ರದ್ಧೆಯವಳು, ಕೇಳಿ ತಿಳಿದುಕೊಳ್ಳುವವಳು. ಮುಖ ಸಪ್ಪಗೆ ಮಾಡಿಕೊಂಡು ಬಂದು, “ಸರ್, ಗೈಡ್‌ನಲ್ಲಿ ಹೀಗೇ ಇದೆ, ನಾನು ನೋಡಿಕೊಂಡೇ ಬರೆದೆ” ಎಂದಳು. ಮರುದಿನ ಪುಸ್ತಕವನ್ನೇ ತಂದು ತೋರಿಸಿದಳು. ದಿನಾಂಕದ ಅಧ್ಯಾಯದಲ್ಲಿ ಆ ಸಾಲಿನ ಕೆಳಗೆ ಹಸಿರು ಪೆನ್ನಿನಲ್ಲಿ ಗೆರೆ, ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ ‘ಇಂಪಾರ್ಟೆಂಟ್’. ಕ್ಲಾಸಿನಲ್ಲಿ ಮೇಷ್ಟ್ರು ಗೆರೆ ಹಾಕಿಸಿದ್ದರಂತೆ. ಅಪ್ಪ ಸಾಲ ಮಾಡಿ ಕಟ್ಟಿದ ಫೀಸು ಅದು. ಅವಳ ಮೇಲೆ ಕೋಪ ಬರಲಿಲ್ಲ. ಆ ಪುಟ ಅಚ್ಚು ಹಾಕಿಸಿ ಮಾರಿದವರ ಮೇಲೆ ಬಂತು, ಇನ್ನೂ ಇಳಿದಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆಯುವುದು ಬೇಡ. ನಿಮ್ಮ ಪ್ರಾಜೆಕ್ಟ್‌ನಲ್ಲಿ ದಿನಾಂಕದ ಫಾರ್ಮ್ಯಾಟ್ ಇರುವ ಕಡೆಯೆಲ್ಲ ನಾಲ್ಕು ಕ್ಯಾಪಿಟಲ್ ವೈ ಹುಡುಕಿ. ವಾರದ ವರ್ಷವೇ ಬೇಕು ಎಂದು ತಿಳಿದು ಬರೆದದ್ದಲ್ಲದಿದ್ದರೆ ಇವತ್ತೇ ತಿದ್ದಿ.

ಪುಸ್ತಕವನ್ನು ಅವಳಿಂದ ಕೇಳಿ ಪಡೆದು ಮನೆಗೆ ತಂದು ಓದಿದೆ. ಒಂದು ಅಚ್ಚಿನ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ದಿನಾಂಕದ ಸಾಲೇ ನೋಡಿ, ಅದರಲ್ಲಿ ಇನ್ನೊಂದು ತಪ್ಪೂ ಅಡಗಿದೆ. ‘ವೇಗಕ್ಕಾಗಿ’ ಎಂಬ ಕಾರಣ ಕೊಟ್ಟು, ದಿನಾಂಕಕ್ಕೆ ರೂಪ ಕೊಡುವ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಆಗಿ ಒಂದೇ ಒಂದು ಇಟ್ಟುಕೊಳ್ಳಿ, ಎಲ್ಲರೂ ಅದನ್ನೇ ಹಂಚಿಕೊಳ್ಳಿ ಎನ್ನುತ್ತದೆ ಗೈಡ್. ಈ ಕ್ಲಾಸು ತನ್ನೊಳಗೆ ಒಂದು ಕ್ಯಾಲೆಂಡರ್ ಇಟ್ಟುಕೊಂಡು, ಪ್ರತಿ ಸಲ ಅದನ್ನು ಅಳಿಸಿ ಹೊಸ ದಿನಾಂಕ ತುಂಬುತ್ತದೆ. ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಒಟ್ಟಿಗೆ ಕೈ ಹಾಕಿದರೆ ಒಬ್ಬರ ದಿನ ಇನ್ನೊಬ್ಬರ ತಿಂಗಳಿಗೆ ಅಂಟಿಕೊಂಡು ಹೊರಬರಬಹುದು, ಎರರ್ ಕೂಡ ಬರದೆ. ಹೀಗೆ ಹಂಚಿಕೊಳ್ಳಬೇಡಿ, ಥ್ರೆಡ್‌ಗೊಂದು ಇಟ್ಟುಕೊಳ್ಳಿ ಎಂದು ಜಾವಾದ ಅಧಿಕೃತ ದಾಖಲೆಯೇ ಹೇಳುತ್ತದೆ. ಈ ತಲೆನೋವೇ ಬೇಡವೆಂದು 2014ರ ಜಾವಾ 8ರಲ್ಲಿ ಡೇಟ್‌ಟೈಮ್‌ಫಾರ್ಮ್ಯಾಟರ್ ಬಂತು, ಅದನ್ನು ಎಷ್ಟು ಥ್ರೆಡ್‌ಗಳು ಬೇಕಾದರೂ ಹಂಚಿಕೊಳ್ಳಬಹುದು. ಗೈಡಿನಲ್ಲಿ ಅದರ ಹೆಸರೂ ಇಲ್ಲ.

ರಕ್ಷಾಪುಟದಲ್ಲಿ ಮಾತ್ರ ದೊಡ್ಡದಾಗಿ ‘ಜಾವಾ 17’. ಜಾವಾ 17 ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಒಳಗೆ ಆಪ್ಲೆಟ್‌ಗೆ, ಅಂದರೆ ಬ್ರೌಸರಿನೊಳಗೆ ಓಡುತ್ತಿದ್ದ ಪುಟ್ಟ ಜಾವಾ ಪ್ರೋಗ್ರಾಂಗೆ, ಒಂದು ಇಡೀ ಅಧ್ಯಾಯ. ಕ್ರೋಮ್ ಬ್ರೌಸರ್ ಆಪ್ಲೆಟ್ ನಡೆಸುವುದನ್ನು 2015ರಲ್ಲೇ ನಿಲ್ಲಿಸಿತು. ಬ್ರೌಸರ್ ಇಲ್ಲದೆ ಆಪ್ಲೆಟ್ ಓಡಿಸಿ ನೋಡುವ ಆಪ್ಲೆಟ್‌ವ್ಯೂವರ್ ಎಂಬ ಸಾಧನವನ್ನು 2018ರ ಜಾವಾ 11ರಲ್ಲಿ ತೆಗೆದುಹಾಕಲಾಯಿತು. ಆಪ್ಲೆಟ್‌ಗಳನ್ನು ಮುಂದೆ ಪೂರ್ತಿ ಕಿತ್ತುಹಾಕಲಾಗುವುದು ಎಂಬ ಗುರುತು ಹಾಕಿದ್ದು ಇದೇ ಜಾವಾ 17! ಅಂದರೆ ಪುಸ್ತಕ ಹೇಳುವ ಆಪ್ಲೆಟ್‌ವ್ಯೂವರ್ ಕಮಾಂಡನ್ನು ರಕ್ಷಾಪುಟದ ಮೇಲಿರುವ ಜಾವಾದಲ್ಲಿ ಕೊಟ್ಟರೆ ಅಂಥದ್ದೊಂದು ಕಮಾಂಡೇ ಇಲ್ಲ ಎಂಬ ಉತ್ತರ ಬರುತ್ತದೆ. ಅದನ್ನು ಬರೆದವರು ಒಮ್ಮೆಯೂ ಓಡಿಸಿ ನೋಡಿಲ್ಲ. 2018ರಲ್ಲಿ ಬಂದ ವಾರ್, 2020ರ ಟೆಕ್ಸ್ಟ್ ಬ್ಲಾಕ್, 2021ರ ರೆಕಾರ್ಡ್, ಭಾಷೆಯ ಈ ಹೊಸ ಸೌಲಭ್ಯಗಳು ಯಾವುವೂ ಕೊನೆಯ ಪದಸೂಚಿಯಲ್ಲಿಲ್ಲ. ಹಳೆಯ ಸಿಲಬಸ್ ನೋಟ್ಸಿಗೆ ಹೊಸ ಬಟ್ಟೆ ತೊಡಿಸಿದ್ದಾರೆ, ಅಷ್ಟೇ.

ಹಳೆಯದಾಗಿದ್ದರೂ ಸರಿಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ದುಡ್ಡಿನ ಲೆಕ್ಕಕ್ಕೆ ಡಬಲ್ (ದಶಾಂಶ ಸಂಖ್ಯೆಗಳನ್ನು ಅಂದಾಜಾಗಿ ಹಿಡಿದಿಡುವ ಬಗೆ) ಬಳಸಿ, ಅದೇ ನಿಖರ ಎನ್ನುತ್ತದೆ ಗೈಡ್. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೀಗಾದರೆ ಸಾವಿರಾರು ಬಿಲ್ಲುಗಳ ಮೊತ್ತ ತಾಳೆಯಾಗದೆ ಅಕೌಂಟ್ಸ್‌ನವರು ಪೈಸೆ ಹುಡುಕುತ್ತಾ ಕೂರಬೇಕು. ಲಾಗಿನ್ ಪುಟದ ಉದಾಹರಣೆಯಲ್ಲಿ ಬಳಕೆದಾರ ಟೈಪ್ ಮಾಡಿದ್ದನ್ನು ನೇರವಾಗಿ ಡೇಟಾಬೇಸಿಗೆ ಕಳಿಸುವ ಎಸ್‌ಕ್ಯೂಎಲ್ ಸಾಲಿಗೆ ಪ್ಲಸ್ ಹಾಕಿ ಜೋಡಿಸಿದ್ದಾರೆ, ಪಾಸ್‌ವರ್ಡನ್ನು ಇದ್ದ ಹಾಗೆಯೇ ಟೇಬಲ್‌ನಲ್ಲಿ ಇಟ್ಟಿದ್ದಾರೆ. ಹೆಸರಿನ ಜಾಗದಲ್ಲಿ ಒಂದು ಕೊಟೇಶನ್ ಗುರುತು ಮತ್ತು ಸದಾ ನಿಜವಾಗುವ ಒಂದು ಷರತ್ತು ಬರೆದರೆ ಸಾಕು, ಪಾಸ್‌ವರ್ಡ್ ಗೊತ್ತಿಲ್ಲದವನೂ ಒಳಗೆ ಬರುತ್ತಾನೆ. ಟೈಪ್ ಮಾಡಿದ್ದನ್ನು ಎಸ್‌ಕ್ಯೂಎಲ್ ಸಾಲಿನಿಂದ ಬೇರೆಯಾಗಿಟ್ಟು ಇದನ್ನು ತಡೆಯುವ ಪ್ರಿಪೇರ್ಡ್‌ಸ್ಟೇಟ್‌ಮೆಂಟ್ ಬಗ್ಗೆ ಬೇರೊಂದು ಅಧ್ಯಾಯದಲ್ಲಿ ಎರಡು ಸಾಲಿದೆ, ಅದೂ ‘ವೇಗಕ್ಕಾಗಿ’. ಇನ್ನು ಎಕ್ಸೆಪ್ಷನ್ (ಪ್ರೋಗ್ರಾಂ ಓಡುವಾಗ ಎದುರಾಗುವ ದೋಷ) ಉದಾಹರಣೆಗಳಲ್ಲಿ ಎಲ್ಲೆಲ್ಲೂ ಖಾಲಿ ಕ್ಯಾಚ್. ತಪ್ಪು ಹಿಡಿದು ಸದ್ದಿಲ್ಲದೆ ನುಂಗಿಬಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಕ್ಕಳಿಗೆ ಕಲಿಸಿದರೆ ಮುಂದೆ ಪ್ರೊಡಕ್ಷನ್‌ನಲ್ಲಿ ಯಾವುದು ಎಲ್ಲಿ ಕೆಟ್ಟಿತು ಎಂದು ಪತ್ತೆ ಹಚ್ಚುವವರು ಯಾರು?

ಹಾಗಾದರೆ ಇನ್ನೂ ಕಲಿಯುತ್ತಿರುವವರು ಪುಸ್ತಕ ಒಳ್ಳೆಯದೋ ಕೆಟ್ಟದೋ ಎಂದು ತೀರ್ಮಾನಿಸುವುದು ಹೇಗೆ? ಆ ಹುಡುಗಿಯೂ ಇದನ್ನೇ ಕೇಳಿದಳು. ನ್ಯಾಯವಾದ ಪ್ರಶ್ನೆ. ಆನ್‌ಲೈನ್‌ನಲ್ಲಿ ಈ ಪುಸ್ತಕಕ್ಕೆ ಐದು ಸ್ಟಾರ್ ಕೊಟ್ಟವರು ಬಹಳ ಜನ. ಬರೆದಿರುವುದನ್ನು ಓದಿದರೆ ಪೇಪರ್ ಚೆನ್ನಾಗಿದೆ, ಡೆಲಿವರಿ ಬೇಗ ಬಂತು, ಇಂಟರ್‌ವ್ಯೂಗೆ ಉಪಯೋಗ. ಒಳಗಿನ ಯಾವ ಅಧ್ಯಾಯದ ಬಗ್ಗೆಯೂ ಒಂದು ಮಾತಿಲ್ಲ. ಪುಟಗಳ ಸಂಖ್ಯೆಯೂ ಏನನ್ನೂ ಹೇಳುವುದಿಲ್ಲ. ಈಗಂತೂ ಯಾರು ಬೇಕಾದರೂ ಕ್ಷಣದಲ್ಲಿ ಪುಸ್ತಕ ಹುಟ್ಟಿಸಬಹುದು. ಸ್ವಂತ ಪ್ರಕಟಣೆಯ ಪುಸ್ತಕಗಳ ಪ್ರವಾಹ ತಡೆಯಲು ಅಮೆಜಾನ್ 2023ರ ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಮೂರು ಪುಸ್ತಕ ಎಂಬ ಮಿತಿ ಹಾಕಬೇಕಾಯಿತು. ಒಬ್ಬರು ದಿನಕ್ಕೆ ಮೂರು!

ನಾನು ಅವಳಿಗೆ ಹೇಳಿದ್ದು ಇದು. ನಿನಗೆ ಉತ್ತರ ಈಗಾಗಲೇ ಖಚಿತವಾಗಿ ಗೊತ್ತಿರುವ ಕೆಲವು ಜಾಗಗಳನ್ನು ಮಾತ್ರ ತೆರೆದು ನೋಡು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಉದಾಹರಣೆಗೆ, ಪೂರ್ಣಾಂಕ ಹಿಡಿದಿಡುವ ಎರಡು ಇಂಟೀಜರ್ ಆಬ್ಜೆಕ್ಟ್‌ಗಳನ್ನು ಎರಡು ಈಕ್ವಲ್ಸ್ ಗುರುತು ಹಾಕಿ ಹೋಲಿಸುವ ಜಾಗ. ಎರಡಕ್ಕೂ 100 ಕೊಟ್ಟು ಹೋಲಿಸಿದರೆ ಟ್ರೂ ಬರುತ್ತದೆ. 200 ಕೊಟ್ಟರೆ ಫಾಲ್ಸ್. ಆ ಗುರುತು ನೋಡುವುದು ಸಂಖ್ಯೆಯನ್ನಲ್ಲ, ಎರಡೂ ಒಂದೇ ಆಬ್ಜೆಕ್ಟೇ ಎಂಬುದನ್ನು. ಜಾವಾ -128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಮೊದಲೇ ಮಾಡಿಟ್ಟು ಮತ್ತೆ ಮತ್ತೆ ಅದನ್ನೇ ಕೊಡುವುದರಿಂದ ಹೀಗೆ. ಗೈಡಿನಲ್ಲಿ 100ರ ಉದಾಹರಣೆ ಕೊಟ್ಟು, ‘ಹೀಗೆ ಹೋಲಿಸಬಹುದು’ ಎಂದು ಮುಗಿಸಿದ್ದಾರೆ. ಒಳ್ಳೆಯ ಪುಸ್ತಕ 200ರ ಉದಾಹರಣೆಯನ್ನು ಬೇಕೆಂದೇ ಕೊಟ್ಟು, ಏಕೆ ಹೀಗಾಯಿತು ಎಂದು ವಿವರಿಸುತ್ತದೆ. ಜಾವಾ 9ರಿಂದ ಜೆಶೆಲ್ ಇದೆ. ಪುಸ್ತಕದ ಸಾಲನ್ನು ಅದರಲ್ಲಿ ಹಾಗೇ ಟೈಪ್ ಮಾಡಿ, ಸಂಖ್ಯೆ ಬದಲಿಸಿ, ಉತ್ತರ ನೋಡಬಹುದು. ಕೊಳ್ಳುವ ಮೊದಲು ಮಾದರಿ ಪುಟಗಳಿಂದ ಕೆಲವು ಉದಾಹರಣೆಗಳನ್ನು ಹೀಗೆ ಓಡಿಸಿ. ಅಚ್ಚಾಗಿರುವ ಔಟ್‌ಪುಟ್‌ಗೂ ಪರದೆಯ ಮೇಲೆ ಬಂದದ್ದಕ್ಕೂ ತಾಳೆಯಿಲ್ಲದಿದ್ದರೆ ಅಲ್ಲಿಗೇ ಬಿಡಿ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಪರೀಕ್ಷೆ ಬೈನರಿ ಸರ್ಚ್, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ ವಿಧಾನ. ನಡುವಿನ ಸ್ಥಾನ ಕಂಡುಹಿಡಿಯಲು ಲೋ ಮತ್ತು ಹೈ (ಹುಡುಕುವ ಭಾಗದ ಮೊದಲ ಮತ್ತು ಕೊನೆಯ ಸ್ಥಾನ) ಕೂಡಿಸಿ ಎರಡರಿಂದ ಭಾಗಿಸಿ ಎಂದು ಬಹಳಷ್ಟು ಪುಸ್ತಕಗಳು ಬರೆಯುತ್ತವೆ. ಜಾವಾದ ಇಂಟ್‌ನಲ್ಲಿ 2147483647ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಅರೇ, ಅಂದರೆ ಆ ಪಟ್ಟಿ, ತೀರಾ ದೊಡ್ಡದಾದರೆ ಆ ಮೊತ್ತ ಉಕ್ಕಿ ಋಣಸಂಖ್ಯೆಯಾಗಿ ಪ್ರೋಗ್ರಾಂ ಬೀಳುತ್ತದೆ. ಈ ತಪ್ಪು ಜಾವಾದ ಸ್ವಂತ ಲೈಬ್ರರಿಯಲ್ಲೇ ವರ್ಷಗಟ್ಟಲೆ ಇತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ 2006ರಲ್ಲಿ ತಾವೇ ಮುಂದೆ ಬಂದು, ನನ್ನ ಕೋಡ್ ತಪ್ಪಾಗಿತ್ತು, ಸರಿಪಡಿಸುವುದು ಹೀಗೆ ಎಂದು ಎಲ್ಲರಿಗೂ ತಿಳಿಯುವಂತೆ ಬರೆದರು. ದೊಡ್ಡವರೂ ತಪ್ಪುತ್ತಾರೆ. ಆದರೆ ತಿದ್ದುವ ದಾರಿಯನ್ನು ತೆರೆದಿಟ್ಟಿರುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ಮೊದಲು ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರ್ ಬಹುಮಾನ ಕೊಡುತ್ತಾ ಬಂದಿದ್ದಾರೆ. 256ನ್ನು ಹದಿನಾರರ ಎಣಿಕೆಯಾದ ಹೆಕ್ಸಾಡೆಸಿಮಲ್‌ನಲ್ಲಿ 100 ಎಂದು ಬರೆಯುವುದರಿಂದ, 256 ಸೆಂಟ್ ಎಂದರೆ ಅದರಲ್ಲಿ ಒಂದು ಡಾಲರ್. ಆದ್ದರಿಂದ ಯಾವುದೇ ಗೈಡ್ ಕೈಗೆತ್ತಿಕೊಂಡಾಗ ತಿದ್ದುಪಡಿಗಳ ಪಟ್ಟಿ ಎಲ್ಲಿದೆ, ಕೋಡ್ ಡೌನ್‌ಲೋಡ್ ಮಾಡಲು ಸಿಗುತ್ತದೆಯೇ, ಬರೆದವರಿಗೆ ತಪ್ಪು ತಿಳಿಸುವ ವಿಳಾಸ ಇದೆಯೇ ಎಂದು ಮೊದಲು ನೋಡಿ. ನಮ್ಮ ಗೈಡಿನಲ್ಲಿ ಲೇಖಕರ ಹೆಸರೇ ಇಲ್ಲ, ‘ತಜ್ಞರ ತಂಡ’ ಎಂದಿದೆ. ಮೊದಲ ಮುದ್ರಣದ ವರ್ಷವೂ ಇಲ್ಲ.

ಬದಲಿಗೆ ಏನು ಓದಬೇಕು ಎಂದು ಕೇಳುವವರಿಗೆ: ಜಾವಾವನ್ನು ನೋಡಿಕೊಳ್ಳುವ ಒರಾಕಲ್ ಕಂಪನಿಯವರ ಅಧಿಕೃತ ಜಾವಾ ಪಾಠಗಳೂ ದಾಖಲೆಗಳೂ ಅಂತರ್ಜಾಲದಲ್ಲಿ ಉಚಿತವಾಗಿವೆ. ಕೋಡ್ ಬರೆಯಲು ಬಂದ ಮೇಲೆ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ ಓದಿ, 2018ರ ಮೂರನೇ ಆವೃತ್ತಿಯನ್ನೇ ಕೊಳ್ಳಿ. ಅವೆನ್ಯೂ ರಸ್ತೆಯ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ 2008ರ ಎರಡನೇ ಆವೃತ್ತಿ ಕಡಿಮೆ ಬೆಲೆಗೆ ಸಿಕ್ಕರೆ ಆಸೆಪಡಬೇಡಿ, ಅದು ಜಾವಾ 8ಕ್ಕೂ ಹಿಂದಿನದು.

ಆ ಸಂಸ್ಥೆಗೆ ನಾನೇ ಫೋನ್ ಮಾಡಿ ಪುಟದ ಸಂಖ್ಯೆ ಸಮೇತ ತಪ್ಪುಗಳನ್ನು ಹೇಳಿದೆ. “ಸಿಲಬಸ್ ಪ್ರಕಾರ ಇದೆ ಸರ್, ಇಂಟರ್‌ವ್ಯೂನಲ್ಲಿ ಇದನ್ನೇ ಕೇಳ್ತಾರೆ” ಎಂಬ ಉತ್ತರ ಬಂತು. ಪುಸ್ತಕ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದರ ಬೆಲೆ ಫೀಸಿನಲ್ಲೇ ಸೇರಿದೆಯಂತೆ. ರಸೀದಿಯಲ್ಲಿ ಪುಸ್ತಕದ ಹೆಸರೂ ಇಲ್ಲ, ಬೆಲೆಯೂ ಇಲ್ಲ, ‘ಸ್ಟಡಿ ಮೆಟೀರಿಯಲ್’ ಎಂದಷ್ಟೇ ಇದೆ. ಹಾಗಾಗಿ ಸೇರುವವರು ದುಡ್ಡು ಕಟ್ಟುವ ಮೊದಲೇ ಪುಸ್ತಕವನ್ನು ಕೈಗೆ ಕೊಡಿ ಎಂದು ಕೇಳಿ, ಕೌಂಟರ್‌ನಲ್ಲೇ ನಿಂತು ದಿನಾಂಕ, ದುಡ್ಡಿನ ಲೆಕ್ಕ, ಲಾಗಿನ್, ಈ ಮೂರು ಉದಾಹರಣೆಗಳನ್ನು ತೆರೆದು ನೋಡಿ. ಪುಸ್ತಕ ಬೇಡವೆಂದರೆ ಫೀಸಿನಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ಬರೆಸಿಕೊಳ್ಳಿ. ಈಗಾಗಲೇ ಕಟ್ಟಿ ಸಿಕ್ಕಿಬಿದ್ದಿದ್ದರೆ ರಸೀದಿ, ಜಾಹೀರಾತಿನ ಫೋಟೋ ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ನಮ್ಮ ಹುಡುಗಿಯೂ ದಾಖಲಿಸಿದ್ದಾಳೆ. ಅವಳ ಬ್ಯಾಚ್‌ನ ಉಳಿದವರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಜೊತೆಗೆ ನಿಲ್ಲಿ, ಅದೇ ಗೈಡನ್ನು ಹೊಸ ಬ್ಯಾಚಿಗೂ ಹಂಚುತ್ತಿದ್ದಾರೆ.