ಸ್ವಿಫ್ಟ್‌ಗೆ 30 ಎಂಎಂ ಲೋಯರಿಂಗ್ ಸ್ಪ್ರಿಂಗ್: ಕಲಬುರಗಿ ರಸ್ತೆಗೆ ನಡೀತದೇನು?

ಗಾಡಿ ಕೆಳಗಿಳಿಸಬೇಕು ಅಂತ ಕೇಳಿದರೆ ಕಲಬುರಗಿಯ ಎಷ್ಟೋ ಗ್ಯಾರೇಜ್‌ಗಳಲ್ಲಿ ಸಿಗುವ ಉತ್ತರ ಒಂದೇ: "ಸ್ಪ್ರಿಂಗ್ ಒಂದೂವರೆ ಸುತ್ತು ಕಟ್ ಮಾಡ್ತೀವ್ರಿ, ಮಧ್ಯಾಹ್ನದೊಳಗ ಗಾಡಿ ಒಯ್ಯಿರಿ." ಅಷ್ಟು ಅಗ್ಗದ ದಾರಿ ಇರುವಾಗ ನಾಲ್ಕು ಹೊಸ ಸ್ಪ್ರಿಂಗ್‌ಗಳ ಸೆಟ್‌ಗೆ ಯಾಕೆ ದುಡ್ಡು ಹಾಕಬೇಕು? 2018ರಿಂದ 2024ರವರೆಗೆ ಬಂದ ಸ್ವಿಫ್ಟ್‌ಗೆ ಆನ್‌ಲೈನ್‌ನಲ್ಲಿ ತರಿಸಬಹುದಾದ, ಗಾಡಿಯನ್ನು 30 ಎಂಎಂ ಇಳಿಸುವ ಸೆಟ್ಟನ್ನು ಇಲ್ಲಿ ನೋಡಿರುವುದು ಈ ಪ್ರಶ್ನೆ ಇಟ್ಟುಕೊಂಡೇ. ಕಂಪನಿ ಕೊಟ್ಟ ಟೈರ್ ಸೈಜನ್ನೇ ಉಳಿಸಿಕೊಂಡವರು, ಶಾಕ್ (ಶಾಕ್ ಅಬ್ಸಾರ್ಬರ್) ಇನ್ನೂ ಗಟ್ಟಿ ಇರುವವರು ಧೈರ್ಯವಾಗಿ ಹಾಕಿಸಬಹುದು. ಅಗಲ ಅಲಾಯ್ ಮೊದಲೇ ಕೂಡಿಸಿದವರು, ವಾರವಾರ ಡಿಕ್ಕಿ ತುಂಬಿಕೊಂಡು ಓಡಾಡುವವರು ಇದರ ತಂಟೆಗೆ ಹೋಗದಿರುವುದೇ ಲೇಸು.

ಟೈರ್ ಫೆಂಡರಿಗೆ, ಅಂದರೆ ಗಾಲಿ ಮೇಲಿನ ತಗಡಿಗೆ, ಉಜ್ಜುವ ವಿಷಯದಲ್ಲಿ ಸ್ಪ್ರಿಂಗ್ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಗಾಲಿ ಎಷ್ಟು ಮೇಲಕ್ಕೆ ಹೋಗಬಲ್ಲದು ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಬಂಪ್ ಸ್ಟಾಪ್, ಅಂದರೆ ಶಾಕ್ ರಾಡ್ ಮೇಲೆ ಕೂತಿರುವ ಆ ರಬ್ಬರ್ ಗುಬುಟು. ಅದನ್ನು ಮುಟ್ಟದಿದ್ದರೆ, 30 ಎಂಎಂ ಇಳಿಸಿದ ಮೇಲೂ ಗಾಲಿಯ ಮೇಲಿನ ಕೊನೆ ಮೊದಲಿದ್ದ ಜಾಗದಲ್ಲೇ ಇರುತ್ತದೆ. ಕಡಿಮೆಯಾಗುವುದು ಅಲ್ಲಿಯವರೆಗಿನ ದೂರ ಮಾತ್ರ. ಹಾಗಾಗಿ ಮೂಲ ರಿಮ್, ಮೂಲ ಟೈರ್ ಇರುವ ಗಾಡಿ ಈ ಸೆಟ್‌ನಿಂದ ಉಜ್ಜಬಾರದು. ಆದರೂ ಉಜ್ಜಿತು ಅಂದರೆ ಹೆಚ್ಚಿನ ಸಲ ಮಿಸ್ತ್ರಿ ಬಂಪ್ ಸ್ಟಾಪ್ ಅರ್ಧ ಕೊಯ್ದಿರುತ್ತಾನೆ. "ಇಲ್ಲಂದ್ರ ಗಾಡಿ ಕುಟ್ಟತದ್ರಿ" ಅನ್ನುವುದು ಅವನ ಸಮಜಾಯಿಷಿ. ಮಾತು ಸುಳ್ಳಲ್ಲ, ದೂರ ಕಡಿಮೆಯಾದಾಗ ರಬ್ಬರ್ ಬೇಗ ತಾಗುತ್ತದೆ. ಆದರೆ ಅದಕ್ಕೆ ಮದ್ದು ಗಟ್ಟಿ ಸ್ಪ್ರಿಂಗೇ ಹೊರತು ರಬ್ಬರ್ ಕೊಯ್ಯುವುದಲ್ಲ. ಸೆಟ್ ಜೊತೆಗೇ ಗಿಡ್ಡ ಬಂಪ್ ಸ್ಟಾಪ್ ಬಂದಿದ್ದರೆ ಮಾತ್ರ ಅದನ್ನು ಹಾಕಿ, ಆಗ ಟೈರ್ ಜಾಗವನ್ನು ಮತ್ತೆ ಅಳೆಯಿರಿ.

ನಿಜವಾದ ತಂಟೆಯೆಲ್ಲ ರಿಮ್‌ನಲ್ಲಿದೆ. ಉದಾಹರಣೆಗೆ 5.5 ಇಂಚು ಅಗಲದ ಇಟಿ 45 (ಆಫ್‌ಸೆಟ್, ಅಂದರೆ ರಿಮ್ಮಿನ ನಡುವಿನಿಂದ ಗಾಡಿಗೆ ಬೋಲ್ಟ್ ಆಗುವ ಮುಖ ಎಷ್ಟು ಎಂಎಂ ಹೊರಕ್ಕಿದೆ ಅನ್ನುವ ಅಳತೆ) ರಿಮ್ ತೆಗೆದು 7 ಇಂಚಿನ ಇಟಿ 35 ಹಾಕಿದಿರಿ ಅನ್ನಿ. ಹೆಚ್ಚಾದ ಒಂದೂವರೆ ಇಂಚಿನಲ್ಲಿ ಅರ್ಧ, 19 ಎಂಎಂ, ಹೊರಗೆ. ಆಫ್‌ಸೆಟ್‌ನಿಂದ ಇನ್ನೊಂದು 10. ಒಟ್ಟು 29 ಎಂಎಂ ಹೊರಗೆ ಬಂದ ರಿಮ್ಮಿನ ಮೇಲೆ ಫೆಂಡರ್ ಇಳಿದು ಕೂತರೆ ಉಜ್ಜದೆ ಏನು ಮಾಡೀತು? ಮೇಲ್ದರ್ಜೆ ಮಾಡೆಲಿನ ಮೂಲ 185/65 ಆರ್15 ಟೈರಿನ ಎತ್ತರ ಸುಮಾರು 621 ಎಂಎಂ. 195/60 ಆರ್15 ಹಾಕಿದರೆ 615, ಎರಡೂ ಬದಿಗೆ 5 ಎಂಎಂ ಮಾತ್ರ ಅಗಲ, ಇದು ಕ್ಷೇಮ. 195/55 ಆರ್16 ಕೂಡ 621ರಲ್ಲೇ ನಿಲ್ಲುತ್ತದೆ. 205/55 ಆರ್16 ಅಂದರೆ 632, ಅದು ಬೇಡವೇ ಬೇಡ.

ಸ್ಪ್ರಿಂಗ್ ಬಂದ ಮೇಲೆ ಬಣ್ಣ ನೋಡಿ ಮರುಳಾಗುವುದಕ್ಕಿಂತ ತುದಿ ನೋಡಿ. ಹಳೆಯದರ ಪಕ್ಕ ನಿಲ್ಲಿಸಿದಾಗ ಮೇಲಿನ, ಕೆಳಗಿನ ಸುತ್ತುಗಳ ಆಕಾರ, ಒಳವ್ಯಾಸ ಎರಡೂ ಹೊಂದಬೇಕು. ಕಟ್ ಮಾಡಿದ ಸ್ಪ್ರಿಂಗ್ ಸೋಲುವುದು ಇಲ್ಲೇ. ಆರು ಸುತ್ತಿನಲ್ಲಿ ಒಂದು ಹೋದರೆ ಸ್ಪ್ರಿಂಗ್ ಶೇ. 20ರಷ್ಟು ಗಟ್ಟಿಯಾಗುತ್ತದೆ, ಅದೇನೋ ಸರಿ. ಆದರೆ ಸೀಟಿನಲ್ಲಿ ಕೂರಬೇಕಾದ ತುದಿಯೇ ಇಲ್ಲದೆ ಅದು ವಾಲಿ ಕೂರುತ್ತದೆ, ಗಾಲಿ ಜೋತುಬಿದ್ದಾಗ ಸಡಿಲಾಗುತ್ತದೆ. ಸ್ವಿಫ್ಟ್‌ನ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವುದರಿಂದ ಸಡಿಲಾದದ್ದು ಜಾಗ ಬಿಟ್ಟು ಹೊರಬರುವ ಭಯವೂ ಉಂಟು. ಗ್ಯಾಸ್ ಹಚ್ಚಿ ಕಾಸಿ ಇಳಿಸುವುದು ಇದಕ್ಕಿಂತ ಕಡೆ: ಉಕ್ಕಿನ ಹದವೇ ಹೋಗಿ ಕೆಲವು ತಿಂಗಳಲ್ಲಿ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ.

ಕೂಡಿಸುವಾಗ ಪಕ್ಕದಲ್ಲೇ ನಿಲ್ಲಿ. ಮೊದಲು ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿ ಗಾಲಿಯ ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದು ಬರೆದಿಡಿ. ಮುಂದೆ ಬ್ರೇಕ್ ಪೈಪಿನ ಕ್ಲಿಪ್, ಎಬಿಎಸ್ ವೈರ್, ಲಿಂಕ್ ರಾಡ್ ಬಿಡಿಸಿ, ನಕಲ್‌ನ (ಗಾಲಿ ಹಿಡಿದಿರುವ ಲೋಹದ ತುಂಡು) ಎರಡು ಬೋಲ್ಟ್ ತೆಗೆದು ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದಾಗಿರುವ ಭಾಗ, ಇಳಿಸಬೇಕು. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಂಡಿಗಳೂ ಎದುರುಬದುರು ಇರಲಿ, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ಬಿಗಿಯಲಿ. ರಾಡಿನ ಮೇಲಿನ ನಟ್ಟಿಗೆ ಗಾಳಿ ಗನ್ ಹಿಡಿದರೆ ಬೇಡ ಅನ್ನಿ, ರಾಡ್ ಗಿರಗಿರ ತಿರುಗಿ ಆಯಿಲ್ ಸೀಲ್ ಕೆಡುತ್ತದೆ. ಸ್ಟ್ರಟ್ ಮೇಲಿನ ಮೌಂಟ್ ಮತ್ತು ಬೇರಿಂಗ್ ಸವೆದಿದ್ದರೆ ಈಗಲೇ ಬದಲಿಸಿ. ಇಲ್ಲದಿದ್ದರೆ ಸ್ಟೇರಿಂಗ್ ತಿರುಗಿಸಿದಾಗೆಲ್ಲ ಖಟ್ ಖಟ್ ಸಪ್ಪಳ. ಶಾಕ್‌ನಲ್ಲಿ ಎಣ್ಣೆ ಒಸರಿದ್ದರೂ ಹಾಗೇ, ಕೂಲಿ ಎರಡು ಸಲ ಯಾಕೆ ಕೊಡಬೇಕು?

ಟೈರ್ ತಾಗುತ್ತದೋ ಇಲ್ಲವೋ ಪಕ್ಕಾ ಗೊತ್ತಾಗುವುದು ಸ್ಪ್ರಿಂಗ್ ಹೊರಗಿರುವಾಗ. ಮುಂದಿನ ಸ್ಟ್ರಟ್ಟನ್ನು ಸ್ಪ್ರಿಂಗ್ ಇಲ್ಲದೆ, ಬಂಪ್ ಸ್ಟಾಪ್ ಸಮೇತ ಒಮ್ಮೆ ಕೂಡಿಸಿ, ಗಾಲಿ ಹಾಕಿ, ಬಾಡಿ ಸ್ಟ್ಯಾಂಡ್ ಮೇಲಿರುವಾಗ ಲೋವರ್ ಆರ್ಮ್ (ಗಾಲಿಯನ್ನು ಗಾಡಿಗೆ ಜೋಡಿಸುವ ಕೆಳತೋಳು) ಕೆಳಗೆ ಜಾಕ್ ಕೊಟ್ಟು ರಬ್ಬರ್ ತಾಗುವವರೆಗೆ ಎತ್ತಿ. ಆ ಸ್ಥಿತಿಯಲ್ಲಿ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದಿದ್ದರೆ ಲೈನರ್ (ಫೆಂಡರ್ ಒಳಗಿನ ಪ್ಲಾಸ್ಟಿಕ್) ಮೇಲೆ, ಮಡ್ ಫ್ಲ್ಯಾಪಿನ ಸ್ಕ್ರೂ ಮೇಲೆ ಎಲ್ಲಿ ಬಿಳಿ ಹತ್ತಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಹಿಂದೆಯೂ ಆಕ್ಸಲ್ ಎತ್ತಿ ನೋಡಿ. ಅಲ್ಲಿ ಮೊದಲು ತಾಗುವುದು ಬಂಪರ್ ಮತ್ತು ಫೆಂಡರ್ ಕೂಡುವ ಮೂಲೆಯ ಸ್ಕ್ರೂ. ಒಂದು ತಾಸಿನ ಕೆಲಸ ಹೆಚ್ಚು, ಹೆಚ್ಚಿನ ಮಿಸ್ತ್ರಿಗಳು ಗೊಣಗುತ್ತಾರೆ. ಗೊಣಗಲಿ.

ತಾಗುವುದು ಲೈನರ್ ಆಗಿದ್ದರೆ ಹೀಟ್ ಗನ್ ಹಿಡಿದು ಒಳಗೊತ್ತಬಹುದು. ಫೆಂಡರ್ ಅಂಚು ಮಡಚುವ ಮಾತು ಬಂದರೆ ಹಿಂದೆ ಸರಿಯಿರಿ: ಬಣ್ಣ ಬಿರುಕು ಬಿಟ್ಟ ಕಡೆ ತುಕ್ಕು ತಪ್ಪಿದ್ದಲ್ಲ.

ಇನ್ನೊಂದು, ಎಲ್ಲರೂ ಮರೆಯುವ ಕೆಲಸ. ಲೋವರ್ ಆರ್ಮ್ ಮತ್ತು ಹಿಂದಿನ ಆಕ್ಸಲ್ ಬುಶ್‌ನ (ರಬ್ಬರ್ ಜೋಡಣೆಯ) ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯ ಭಾರ ಗಾಲಿ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ಹಳೆ ಎತ್ತರದಲ್ಲಿ ಬಿಗಿದ ಬುಶ್ ಇಡೀ ಹೊತ್ತು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ರಿಂಗ್ ಕೂತು ಒಂದಿಷ್ಟು ಓಡಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಇಳಿಸಿದಾಗ ಟೋ (ಗಾಲಿ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಬದಲಾಗುತ್ತದೆ, ಬಿಟ್ಟರೆ ಟೈರಿನ ಒಳಅಂಚು ಸದ್ದಿಲ್ಲದೆ ಸವೆಯುತ್ತದೆ. ಹೆಡ್‌ಲೈಟ್ ಮಟ್ಟವನ್ನೂ ಅದೇ ದಿನ ನೋಡಿಸಿ.

ಓಡಿಸಲು ಹೇಗಿದೆ? ಜೇವರ್ಗಿ ಕಡೆ ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಬಾಡಿ ವಾಲುವುದು ಕಡಿಮೆ, ಬ್ರೇಕ್ ಹಾಕಿದರೆ ಮೂಗು ಅಷ್ಟು ಬಗ್ಗುವುದಿಲ್ಲ. ಊರೊಳಗೆ ಸಣ್ಣ ಗುಂಡಿಯೂ ಸೊಂಟಕ್ಕೆ ಗೊತ್ತಾಗುತ್ತದೆ. ಸ್ವಿಫ್ಟ್‌ನ 163 ಎಂಎಂ ಗ್ರೌಂಡ್ ಕ್ಲಿಯರೆನ್ಸ್ 133ಕ್ಕೆ ಬಂತಲ್ಲ, ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಅಳತೆಯ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಅದನ್ನು ಆರಾಮಾಗಿ ದಾಟುತ್ತದೆ. ನಮ್ಮ ಬಡಾವಣೆಗಳ ಗಲ್ಲಿಗಳಲ್ಲಿ ಮನೆಯವರೇ ಸಿಮೆಂಟ್ ಸುರಿದು ಕಟ್ಟಿಕೊಂಡ ದಿಬ್ಬಗಳಿಗೆ ಯಾವ ಅಳತೆ? ಅಲ್ಲಿ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ. ಹುಣ್ಣಿಮೆಗೆ ಐದು ಜನ ಕೂತು ಗಾಣಗಾಪುರಕ್ಕೆ ಹೊರಟರೆ ಇನ್ನೂ ಇಳಿಯುತ್ತದೆ. ಹಾಕಿಸಿದ ದಿನವೇ 50 ಕಿಲೋದ ಎರಡು ತೊಗರಿ ಚೀಲ ಡಿಕ್ಕಿಗೆ ಹಾಕಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಅದೇ ಗಲ್ಲಿಯಲ್ಲಿ ಒಂದು ಸುತ್ತು ಹೊಡೆಯಿರಿ.

ಮಳೆಗಾಲದಲ್ಲಿ ಎರೆ ಮಣ್ಣು ಬೇರೆ. ಹೊಲದ ದಾರಿಯಲ್ಲಿ ಹೋಗಿ ಬಂದರೆ ಫೆಂಡರ್ ಒಳಗೆ ಮೆತ್ತಿಕೊಂಡ ಮಣ್ಣು ಮರುದಿನ ಇಟ್ಟಿಗೆಯಂತೆ ಗಟ್ಟಿಯಾಗಿ, ಉಳಿದಿದ್ದ ಜಾಗವನ್ನೂ ತಿನ್ನುತ್ತದೆ. ಒಣಗುವ ಮೊದಲೇ ನೀರು ಹೊಡೆದು ತೊಳೆಯಿರಿ, ಟೈರ್ ಸಪ್ಪಳ ಮಾಡಿತು ಅಂತ ಸ್ಪ್ರಿಂಗಿಗೆ ಬೈಯುವ ಮುಂಚೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಇನ್ಶುರೆನ್ಸ್ ಕ್ಲೇಮ್ ಹೊತ್ತಿಗೆ ಇದೇ ತಕರಾರಾಗಬಹುದು, ಇನ್ನೂ ವಾರಂಟಿಯಲ್ಲಿರುವ ಗಾಡಿಯವರು ಎರಡು ಸಲ ಯೋಚಿಸಿ. ಹಳೆಯ ನಾಲ್ಕು ಸ್ಪ್ರಿಂಗ್‌ಗಳನ್ನು ರಬ್ಬರ್ ಸೀಟ್ ಸಮೇತ, ಎಡ ಬಲ ಗುರುತು ಹಾಕಿ ಮನೆಗೆ ತನ್ನಿ. ಗ್ಯಾರೇಜಿನಲ್ಲಿ ಬಿಟ್ಟರೆ ಅವು ಗುಜರಿಗೆ ಹೋದ ಹಾಗೇ.